ದಿಂಬಣ್ಣನ ಆಕಳಿಕೆ

ಎಲ್ಲಕ್ಕೂ ಮೂಲ ಒಂದು ಆಕಳಿಕೆ. ಅದೂ ಸಣ್ಣ ಪುಟ್ಟದ್ದಲ್ಲ. ಕಿವಿಯ ಹತ್ತಿರ ಎಲ್ಲೋ ಶುರುವಾಗಿ, ದವಡೆಯನ್ನು ಗ್ಯಾರೇಜಿನ ಶಟರ್‌ನಂತೆ ಮೇಲೆತ್ತಿ, ಕಣ್ಣಲ್ಲಿ ನೀರು ತರಿಸಿ ಮುಗಿಯುವ ಆಕಳಿಕೆ. ಬಿಟ್ಟವನು ಹಾಸಿಗೆ ಅಂಗಡಿಯ ಸೇಲ್ಸ್‌ಮನ್. ಅಂಗಡಿಯಲ್ಲೂ ಬೀದಿಯಲ್ಲೂ ಅವನನ್ನು ಕರೆಯುತ್ತಿದ್ದುದು ದಿಂಬಣ್ಣ ಅಂತ.

ಬೆಳಗಿನಿಂದ ಸಂಜೆಯವರೆಗೆ ಊರಿಗೆಲ್ಲ ನಿದ್ದೆ ಮಾರುವ ದಿಂಬಣ್ಣನ ಮನೆಯಲ್ಲಿ ನಿದ್ದೆ ಸ್ಟಾಕ್ ಇರಲಿಲ್ಲ. ಅದಕ್ಕೆ ಕಾರಣ ಅವನ ಅತ್ತೆ. ಅತ್ತೆಗೆ ‘ಮಿಂಚಂಗಿ’ ಎಂಬ ಸೀರೀಸಿನ ಹುಚ್ಚು. ಮಿರಮಿರ ಮಿಂಚುವ ಮೇಲಂಗಿ ತೊಟ್ಟು ಊರ ಮೇಲೆ ಹಾರುವ ಹೀರೋ ಅವನು. ಅವನ ಕಾಮಿಕ್ಸುಗಳನ್ನೆಲ್ಲ ಭೂತಗನ್ನಡಿ ಹಿಡಿದು ಓದಿ, ಸಿನಿಮಾಗಳನ್ನೆಲ್ಲ ನೋಡಿ, ಈಗ ಸೀರೀಸಿಗೆ ಬಂದು ನಿಂತಿದ್ದರು. ರಾತ್ರಿಯೆಲ್ಲ ಹಳೇ ಕಂತುಗಳು, ಕಂತು ಮುಗಿದ ಮೇಲೆ ಗೆಳತಿಯರ ಜೊತೆ ಫೋನಿನಲ್ಲಿ ಚರ್ಚೆ. ಅತ್ತೆಯ ಟೀವಿಗೂ ದಿಂಬಣ್ಣನ ತಲೆಗೂ ನಡುವೆ ಒಂದೇ ಗೋಡೆ, ಅದೂ ಪ್ಲೈವುಡ್ಡಿನದು. ಅಂಗಡಿಯಲ್ಲಿ ಡಿಸ್ಕೌಂಟ್ ಸೇಲ್ ಅಂತ ವಾರದ ರಜವೂ ಹಾರಿಹೋಗಿತ್ತು, ಮಿಂಚಂಗಿಯ ಹಾಗೆ.

ಆದರೆ ನಾಳೆ ಮಿಂಚಂಗಿ ಅಭಿಮಾನಿಗಳ ಸಮಾವೇಶ. ಅತ್ತೆ ಮೇಲಂಗಿ ಹೊಲಿಸಿಕೊಂಡು ಮಗಳನ್ನೂ, ಅಂದರೆ ಅವನ ಹೆಂಡತಿಯನ್ನೂ, ಎಳೆದುಕೊಂಡು ಬೆಳಿಗ್ಗೆಯೇ ಹೊರಡುವವರು. ಮನೆ ಇಡೀ ದಿನ ಖಾಲಿ. ಇನ್ನು ಬೇಕಾಗಿದ್ದುದು ಮ್ಯಾನೇಜರಿಂದ ಒಂದು ದಿನದ ರಜ, ಅಷ್ಟೆ. ಮಧ್ಯಾಹ್ನ ಊಟ ಮುಗಿಸಿ, ಮ್ಯಾನೇಜರ ಮುಖ ಕೊಂಚ ಮೆತ್ತಗಾದಾಗ ಕೇಳೋಣ ಎಂದುಕೊಂಡು ಅವನು ಗೋಡೌನಿನ ಬೆಂಚಿನ ಮೇಲೆ ಡಬ್ಬಿ ಬಿಚ್ಚಿದ.

ಅಲ್ಲೂ ಅದೇ ಕತೆ. ಕೊನೆಯ ಕಂತು ಅವತ್ತೇ ಸಂಜೆ ನಾಲ್ಕಕ್ಕೆ. ಮಿಂಚಂಗಿಯ ಶತ್ರು ಮುಸುಕಿನವನು. ಆ ಮುಸುಕಿನ ಹಿಂದೆ ಯಾರಿದ್ದಾರೆ ಅನ್ನೋದು ಊರಿನ ತಲೆನೋವು.

“ಮಿಂಚಂಗಿಯ ಅಣ್ಣನೇ. ಬೇಕಾದ್ರೆ ಬರ್ಕೊಡ್ತೀನಿ,” ಅಂದರು ಕ್ಯಾಷಿಯರಮ್ಮ.

“ಅಣ್ಣ ಸಿನಿಮಾದಲ್ಲೇ ಸತ್ತೋದ್ನಲ್ಲಮ್ಮ,” ಅಂದ ವ್ಯಾನ್ ಡ್ರೈವರು.

“ಸಿನಿಮಾದಲ್ಲಿ ಸತ್ತೋರು ಸೀರೀಸಲ್ಲಿ ಬದುಕಬಾರ್ದು ಅಂತ ಕಾನೂನಿದ್ಯಾ?”

“ಕಾಮಿಕ್ಸಲ್ಲಿ ಅವನಿಗೆ ಅಣ್ಣನೇ ಇಲ್ಲ.” ಡ್ರೈವರಿಗೆ ಕಾಮಿಕ್ಸೇ ಪ್ರಮಾಣ. ಬೇರೆಯವರು ಸೀಟಿನ ಕೆಳಗೆ ಜಾಕಿ ಇಟ್ಟುಕೊಂಡರೆ ಇವನು ಹಳೇ ಸಂಚಿಕೆ ಇಟ್ಟುಕೊಂಡಿದ್ದ. ಟಯರ್ ಪಂಕ್ಚರ್ ಆದಾಗ ಅದನ್ನೇ ತೆಗೆದು ಓದುತ್ತಾ ಕೂರುತ್ತಿದ್ದ.

“ಇಲ್ಲದ ಅಣ್ಣನ್ನ ಸಿನಿಮಾದಲ್ಲಿ ಯಾಕ್ರೀ ಸಾಯಿಸ್ತಾರೆ?”

ಮಾತು ಏರಿತು. ಕ್ಯಾಷಿಯರಮ್ಮ ಚಮಚ ಎತ್ತಿದರು, ಡ್ರೈವರು ಡಬ್ಬಿಯ ಮುಚ್ಚಳ ಎತ್ತಿದ. ಒಬ್ಬರ ಕೈಯಲ್ಲಿ ಕತ್ತಿ, ಇನ್ನೊಬ್ಬರ ಕೈಯಲ್ಲಿ ಗುರಾಣಿ. ಸರಿಯಾಗಿ ಆ ಹೊತ್ತಿಗೆ ದಿಂಬಣ್ಣನಿಗೆ ಆಕಳಿಕೆ ಬಂತು.

ಚಮಚವೂ ಮುಚ್ಚಳವೂ ಕೆಳಗಿಳಿದವು.

“ನೋಡಿದ್ರಾ? ನಾವಿಲ್ಲಿ ಗಂಟಲು ಹರ್ಕೊಳ್ತಿದ್ರೆ ಇವ್ರು ಆಕಳಿಸ್ತಾರೆ,” ಅಂದರು ಕ್ಯಾಷಿಯರಮ್ಮ. “ಇವ್ರಿಗೆ ಗೊತ್ತಿದೆ.”

“ನಂಗೇನೂ ಗೊತ್ತಿಲ್ಲಮ್ಮ.”

“ಗೊತ್ತಿರೋರು ಹಾಗೇ ಹೇಳೋದು. ಇಷ್ಟು ದಿನದಲ್ಲಿ ಒಂದು ಸಲನಾದ್ರೂ ಬಾಯಿಬಿಟ್ಟಿದ್ದೀರಾ? ಗೊತ್ತಿಲ್ದೋರು ಇಷ್ಟು ಸುಮ್ನೆ ಇರ್ತಾರಾ? ನಮ್ಮನ್ನೇ ನೋಡಿ.”

ದಿಂಬಣ್ಣನಿಗೆ ಊಟ ಮುಗಿಸಿ ಬೆಂಚಿಗೆ ತಲೆ ಆನಿಸುವ ಆಸೆ. ಏನಾದರೂ ಹೇಳಿದರೆ ಬಿಡುತ್ತಾರೆ ಅನ್ನಿಸಿತು. ಅವನು ಆ ಸೀರೀಸನ್ನು ನೋಡಿದ್ದು ಒಂದೇ ಸಲ, ನೀರು ಕುಡಿಯಲು ಎದ್ದಾಗ, ಲೋಟ ತುಂಬುವಷ್ಟು ಹೊತ್ತು. ಆಗ ಪರದೆಯ ಮೇಲೆ ಒಬ್ಬ ಮುದುಕಿ ಮಿಂಚಂಗಿಯ ಅಂಗಿ ಹಿಂಡುತ್ತಿದ್ದಳು.

“ಆ ಬಟ್ಟೆ ಒಗಿಯೋ ಅಜ್ಜಿ,” ಅಂದ. “ಅವಳೇ ಮುಸುಕಿನವನು.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಡ್ರೈವರಿನ ನಗು ಅರ್ಧಕ್ಕೇ ನಿಂತಿತು. “ತಡೀರಿ. ಅವತ್ತು ಅಜ್ಜಿ ಮೇಲಂಗೀನ ಬಿಸಿನೀರಿಗೆ ಹಾಕಿದ್ಲಲ್ವಾ? ಅವತ್ತೇ ಅಲ್ವಾ ಅವನು ಹಾರಕ್ಕಾಗ್ದೆ ಮಹಡಿಯಿಂದ ಬಿದ್ದಿದ್ದು?”

“ಅಂಗಿ ಕುಗ್ಗಿತ್ತು,” ಅಂದರು ಕ್ಯಾಷಿಯರಮ್ಮ ಪಿಸುದನಿಯಲ್ಲಿ.

“ಮುಸುಕಿನವನು ಬಂದು ಹೋದ ಕಡೆಯೆಲ್ಲ ಸೋಪಿನ ವಾಸನೆ.”

“ಅಯ್ಯೋ ದೇವರೇ. ಕೈ ತೊಳ್ಕೊಳೋ ಅಭ್ಯಾಸ ಇರೋ ಕಳ್ಳ ಅಂತ ಅಂದ್ಕೊಂಡಿದ್ನಲ್ರೀ ನಾನು.”

ಮಾತು ಗೋಡೌನಿನಿಂದ ಹೊರಬಿದ್ದು ಬೀದಿ ಹತ್ತಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಪಕ್ಕದ ಚಪ್ಪಲಿ ಅಂಗಡಿಯವನು ಒಂದು ಕಾಲಿನ ಚಪ್ಪಲಿ ಕೈಯಲ್ಲೇ ಹಿಡಿದು ಬಂದು, “ಅಜ್ಜಿ ಅಂತೆ?” ಅಂದ. ಅವನ ಹಿಂದೆ ಇನ್ನೊಂದು ಕಾಲಿನದನ್ನು ಮಾತ್ರ ಮೆಟ್ಟಿದ್ದ ಗಿರಾಕಿ ಕುಂಟುತ್ತಾ ಬಂದು ಅದನ್ನೇ ಕೇಳಿದ. ಅತ್ತೆಯ ಫೋನೂ ಬಂತು. ಮದುವೆಯಾದ ದಿನದಿಂದ ಅವನನ್ನು ಮನೆಯ ಕಪಾಟಿನಂತೆ ನೋಡುತ್ತಿದ್ದವರ ಧ್ವನಿಯಲ್ಲಿ ಮೊದಲ ಸಲ ಗೌರವ ಕೇಳಿಸಿತು. “ಅಳಿಯಂದ್ರೇ, ಇಷ್ಟು ದಿನ ಮನೇಲೇ ಇದ್ಕೊಂಡು ಒಂದು ಮಾತು ಹೇಳ್ಲಿಲ್ವಲ್ಲ.”

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಡಬಲ್ ಹಾಸಿಗೆಯೊಂದರ ಮೇಲೆ ಕಣ್ಣು ಮುಚ್ಚಿ, ಖರೀದಿಯ ಅಂಚಿನಲ್ಲಿ ಮಲಗಿದ್ದ ದಪ್ಪ ಗಿರಾಕಿಯೊಬ್ಬರಿಗೂ ಅದು ಕೇಳಿಸಿತು. ಅವರು ಎದ್ದು ಕೂತರು.

“ಏನ್ರೀ ನೀವು? ಕೊನೆ ಹೇಳಿಬಿಟ್ರಲ್ರೀ,” ಅಂದರು, ಅಳುವ ಧ್ವನಿಯಲ್ಲಿ. “ಕೊನೆ ಗೊತ್ತಾಗ್ಬಾರ್ದು ಅಂತ ನಾನು ಬೆಳಿಗ್ಗೆಯಿಂದ ಮನೇಲೂ ಯಾರ ಹತ್ರನೂ ಮಾತಾಡಿಲ್ಲ. ಹಾಸಿಗೆ ಅಂಗಡೀಲಿ ಯಾರು ಮಾತಾಡ್ತಾರೆ ಅಂತ ಇಲ್ಲಿಗೆ ಬಂದೆ.” ಬೂಟು ಹಾಕಿಕೊಂಡು, ದಿಂಬಣ್ಣನನ್ನು ಕೊಲೆಗಾರನನ್ನು ನೋಡುವಂತೆ ನೋಡಿ ಹೊರಟೇ ಹೋದರು.

ಮ್ಯಾನೇಜರು ತಮ್ಮ ಗಾಜಿನ ಕೋಣೆಯಿಂದ ಕೈಸನ್ನೆ ಮಾಡಿದರು. ಮೇಜಿನ ಮೇಲೆ ಮಿಂಚಂಗಿಯ ಅಂಗೈ ಗಾತ್ರದ ಬೊಂಬೆ, ಕಾಗದ ಹಾರದಂತೆ ಒತ್ತಿಡಲು.

“ಗಿರಾಕಿ ಹೋಯ್ತು.”

“ಹೌದು ಸಾರ್.”

“ಮುಸುಕಿನವನು ಪೊಲೀಸ್ ಕಮಿಷನರು. ಎರಡು ವರ್ಷದಿಂದ ಹೇಳ್ತಾ ಬಂದಿದೀನಿ. ನೀನು ಅಜ್ಜಿ ಅಂತೀಯಾ?”

“ಸುಮ್ನೆ ಅಂದೆ ಸಾರ್. ಸಾರ್, ನಾಳೆ ಒಂದು ದಿನ ರಜ...”

ಮ್ಯಾನೇಜರು ಕುರ್ಚಿಗೆ ಒರಗಿದರು. “ಸರಿ. ಅಜ್ಜಿನೇ ಆದ್ರೆ ನಾಳೆ ರಜ ತಗೋ. ಬೇರೆ ಯಾರಾದ್ರೂ ಆದ್ರೆ ಸೇಲ್ ಮುಗಿಯೋವರೆಗೂ ರಜ ಅನ್ನೋ ಶಬ್ದ ನಿನ್ನ ಬಾಯಲ್ಲಿ ಬರಬಾರ್ದು. ಒಪ್ಪಿಗೆನಾ?”

ಒಪ್ಪದೆ ವಿಧಿಯಿರಲಿಲ್ಲ. ಜೀವನದಲ್ಲಿ ಮೊದಲ ಸಲ ದಿಂಬಣ್ಣ ಒಬ್ಬ ಮುದುಕಿ ಕೆಟ್ಟವಳಾಗಿರಲಿ ಎಂದು ಮನಸ್ಸಿನಲ್ಲೇ ಕೈಮುಗಿದ.

ನಾಲ್ಕಕ್ಕೆ ಮ್ಯಾನೇಜರೇ ಶಟರ್ ಅರ್ಧ ಇಳಿಸಿದರು. ಹಾಸಿಗೆಗಳ ಜಾಹೀರಾತು ತೋರಿಸುವ ದೊಡ್ಡ ಟೀವಿಯಲ್ಲಿ ಮಿಂಚಂಗಿ ಶುರುವಾಯಿತು. ಪ್ರದರ್ಶನಕ್ಕಿಟ್ಟ ಮಂಚಗಳ ಮೇಲೆ ಅಂಗಡಿಯವರು, ಚಪ್ಪಲಿ ಅಂಗಡಿಯವರು ಸಾಲಾಗಿ ಕೂತರು, ಆಸ್ಪತ್ರೆಯ ವಾರ್ಡಿನ ಹಾಗೆ. ದಿಂಬಣ್ಣನಿಗೆ ಉಳಿದದ್ದು ಎಲ್ಲಕ್ಕಿಂತ ದುಬಾರಿಯಾದ ‘ಮೇಘ’ ಹಾಸಿಗೆ. ಸಿಬ್ಬಂದಿ ಅದರ ಮೇಲೆ ಕೂರುವ ಹಾಗಿರಲಿಲ್ಲ. “ಮೋಡದ ಮೇಲೆ ತೇಲಿದ ಹಾಗಿರತ್ತೆ ಸಾರ್” ಎಂದು ಅದನ್ನು ಎಷ್ಟು ಜನಕ್ಕೆ ವರ್ಣಿಸಿದ್ದನೋ. ಈಗ ಕೂತ. ಇಷ್ಟು ವರ್ಷ ತಾನು ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡಿದ್ದವನಿಗೆ, ಹೇಳಿದ್ದೆಲ್ಲ ನಿಜ ಎಂದು ಆಗ ತಿಳಿಯಿತು.

ತೊಡೆ ಚಿವುಟಿಕೊಂಡ. ತುಟಿ ಕಚ್ಚಿಕೊಂಡ. ಮಿಂಚಂಗಿ ಹಾರಿದ, ಬಿದ್ದ, ಮತ್ತೆ ಹಾರಿದ. ಕೊನೆಗೆ ಮುಸುಕಿನವನು ಗೋಡೆಗೆ ಒತ್ತಿಕೊಂಡು ನಿಂತ. ಮಿಂಚಂಗಿ ಮುಸುಕಿಗೆ ಕೈ ಚಾಚಿದ. ಆ ಕೈ ಬಹಳ ನಿಧಾನವಾಗಿ ಬರುತ್ತಿತ್ತು, ಸ್ಲೋ ಮೋಷನ್ನಿನಲ್ಲಿ. ದಿಂಬಣ್ಣನ ರೆಪ್ಪೆ ಅದಕ್ಕಿಂತ ಚುರುಕು.

ಎಚ್ಚರವಾದಾಗ ಟೀವಿ ಕಪ್ಪಾಗಿತ್ತು. ಎಲ್ಲರೂ ಮುಖ ಇಳಿಬಿಟ್ಟುಕೊಂಡು ಚಪ್ಪಲಿ ಹುಡುಕುತ್ತಿದ್ದರು.

“ಅಜ್ಜಿನಾ?” ಅಂದ ದಿಂಬಣ್ಣ, ಗಲ್ಲದ ಜೊಲ್ಲು ಒರೆಸಿಕೊಳ್ಳುತ್ತಾ.

“ಮಲಗಿಬಿಟ್ಟಿದ್ರಾ?” ಕ್ಯಾಷಿಯರಮ್ಮ ಎದೆ ಮೇಲೆ ಕೈಯಿಟ್ಟುಕೊಂಡರು. “ನೋಡದೇ ಇರೋರಿಗೆ ಕೊನೆ ಹೇಳೋ ಪಾಪ ನಂಗೆ ಬೇಡಪ್ಪ.”

“ನಂಗೆ ಕೊನೆ ಬೇಡಮ್ಮ. ರಜ ಇದ್ಯೋ ಇಲ್ವೋ ಅಷ್ಟು ಹೇಳಿ ಸಾಕು. ಸಾರ್, ನೀವಾದ್ರೂ ಹೇಳಿ.”

ಮ್ಯಾನೇಜರು ಶಟರಿನ ಕೆಳಗೆ ಬಗ್ಗಿದ್ದವರು ಅಲ್ಲೇ ನಿಂತರು. ಧರ್ಮಸಂಕಟದಲ್ಲಿದ್ದರು. “ಇದೆ ಅಂದ್ರೂ ಕೊನೆ ಹೇಳಿದ ಹಾಗೆ, ಇಲ್ಲ ಅಂದ್ರೂ ಕೊನೆ ಹೇಳಿದ ಹಾಗೆ. ನಾನು ಏನಂದ್ರೂ ತಪ್ಪಾಗತ್ತೆ ಕಣಪ್ಪ. ಮನೆಗೆ ಹೋಗಿ ನೋಡ್ಕೋ, ಆಮೇಲೆ ಫೋನ್ ಮಾಡು.”

ಬಸ್ಸಿನಲ್ಲಿ ದಿಂಬಣ್ಣ ಕಂಡಕ್ಟರನ್ನು ಕೇಳಿದ. ಕಂಡಕ್ಟರು ಟಿಕೆಟ್ ಕೊಟ್ಟು, ತುಟಿಯ ಮೇಲೆ ಬೆರಳಿಟ್ಟು ಮುಂದೆ ಹೋದ. ಮನೆ ಬಾಗಿಲಲ್ಲಿ ಹೆಂಡತಿಯನ್ನು ಕೇಳಿದ. ಅವಳು ಒಳಗೆ ತೋರಿಸಿ, “ಅಮ್ಮ ಆಣೆ ಹಾಕಿಸ್ಕೊಂಡಿದಾರೆ ಕಣ್ರೀ, ಬಾಯಿ ಬಿಡೋ ಹಾಗಿಲ್ಲ,” ಅಂದಳು.

ಅತ್ತೆ ಆಗಲೇ ತಮ್ಮ ಕುರ್ಚಿಯ ಪಕ್ಕ ಅವನಿಗೊಂದು ಕುರ್ಚಿ ಹಾಕಿದ್ದರು. “ಕೊನೇದಷ್ಟೇ ಓಡಿಸಿ ನೋಡೋದು ನಮ್ಮನೇಲಿ ನಡಿಯಲ್ಲ. ಮೊದಲಿಂದ ನೋಡ್ಬೇಕು,” ಅಂದರು. ನೋಡಿದ. ಹೆಂಡತಿ ಮಧ್ಯೆ ಮಧ್ಯೆ ಮೊಣಕೈಯಿಂದ ತಿವಿದು ಸಹಾಯ ಮಾಡಿದಳು. ಮಿಂಚಂಗಿ ಹಾರಿದ, ಬಿದ್ದ, ಮತ್ತೆ ಹಾರಿದ. ಕೈ ಮುಸುಕಿಗೆ ಬಂತು. ಮುಸುಕು ಮೇಲೆದ್ದಿತು. ಒಂದು ಗಲ್ಲ ಕಾಣಿಸಿತು. ಗಲ್ಲದ ಮೇಲೆ ಸುಕ್ಕಿತ್ತೋ ನೆರಳಿತ್ತೋ, ದಿಂಬಣ್ಣ ಕುರ್ಚಿಯಿಂದ ಎದ್ದು ಟೀವಿಗೆ ಮೂಗು ತಾಗಿಸಿದ.

ಪರದೆ ಕಪ್ಪಾಯಿತು. ಅದರ ಮೇಲೆ ಬಿಳಿಯ ಅಕ್ಷರ: ಮುಂದಿನ ಸೀಸನ್ನಿನಲ್ಲಿ.

“ಇಷ್ಟೇನಾ?” ಅಂದ.

“ಇಷ್ಟೇ,” ಅಂದರು ಅತ್ತೆ. “ನಾವೆಲ್ಲ ಆಗ್ಲೇ ಅತ್ತಾಯ್ತು.”

ಅವನು ಮ್ಯಾನೇಜರಿಗೆ ಫೋನ್ ಮಾಡಿದ. ಆ ಕಡೆ ದೊಡ್ಡ ನಿಟ್ಟುಸಿರು. “ನೋಡಿದ್ಯಾ? ಏನು ಮಾಡೋಕಾಗತ್ತೆ. ಅಜ್ಜಿ ಅಲ್ಲ ಅಂತ ಆಗಿಲ್ಲ, ಅದಕ್ಕೆ ನಿನಗೆ ರಜ ಇಲ್ಲ ಅಂತ ನಾನು ಹೇಳಲ್ಲ. ಅಜ್ಜಿ ಅಂತಾನೂ ಆಗಿಲ್ಲ, ಅದಕ್ಕೆ ಇದೆ ಅಂತಾನೂ ಹೇಳಲ್ಲ. ಮುಂದಿನ ಸೀಸನ್ನಿಗೆ ತೀರ್ಮಾನ ಮಾಡೋಣ. ಒಂದೂವರೆ ವರ್ಷ ಆಗತ್ತಂತೆ. ಅಲ್ಲೀವರೆಗೂ ಹೊತ್ತಿಗೆ ಸರಿಯಾಗಿ ಬಾ.”

ಫೋನ್ ಇಟ್ಟಾಗ ಅತ್ತೆ ಮೇಲಂಗಿಯನ್ನು ಮಡಿಸಿ ಪೆಟ್ಟಿಗೆಗೆ ಹಾಕುತ್ತಿದ್ದರು.

“ನಾಳೆ ಸಮಾವೇಶಕ್ಕೆ ಹೋಗ್ತಿಲ್ಲ,” ಅಂದರು. “ಅಲ್ಲಿ ಯಾರಿಗೇನು ಗೊತ್ತಿದೆ? ನಮ್ಮ ಗೆಳತಿಯರೆಲ್ಲ ಈಗ ಇಲ್ಲಿಗೇ ಬರ್ತಿದಾರೆ. ಅಜ್ಜಿ ವಿಷಯ ನಿಮ್ಮ ಬಾಯಿಂದಾನೇ ಕೇಳ್ಬೇಕಂತೆ. ಕೂತ್ಕೊಳ್ಳಿ, ಮೊದಲನೇ ಸೀಸನ್ನಿಂದ ಒಂದೊಂದಾಗಿ ಹೇಳಿ.”

“ಅತ್ತೆ, ನಂಗೆ ನಿಜವಾಗ್ಲೂ ಏನೂ ಗೊತ್ತಿಲ್ಲ,” ಅಂದ ದಿಂಬಣ್ಣ. ಹೇಳುತ್ತಿದ್ದ ಹಾಗೇ ಕಿವಿಯ ಹತ್ತಿರ ಎಲ್ಲೋ ಶುರುವಾಯಿತು. ತಡೆಯಲು ನೋಡಿದ. ದವಡೆ ತಾನೇ ಮೇಲೆದ್ದಿತು, ಕಣ್ಣಲ್ಲಿ ನೀರು ತುಂಬಿತು.

ಅತ್ತೆ ಅವನನ್ನೇ ನೋಡುತ್ತಾ ಮೆಲ್ಲಗೆ ಫೋನ್ ಎತ್ತಿಕೊಂಡರು.

“ಬೇಗ ಬನ್ನಿ,” ಅಂದರು ಗೆಳತಿಗೆ. “ಆಕಳಿಸ್ತಿದಾರೆ.”