ಮರೆಗುಳಿ ಪೆಟ್ಟಿಗೆ, ಮೂರು ಊರು

ಕಂಪ್ಯೂಟರ್ ಕೆಡುವುದು ಎರಡು ಸಲ. ಒಮ್ಮೆ ತಾನಾಗಿ ಕೆಡುತ್ತದೆ, ಇನ್ನೊಮ್ಮೆ ಅದು ಕೆಟ್ಟಿದೆ ಎಂದು ಗೊತ್ತಾದವರು ಕೆಡಿಸುತ್ತಾರೆ. ರೋಣದ ಒಂದು ಕಣ್ಣಿನ ದವಾಖಾನೆಯಲ್ಲಿ ನಾನು ಕಂಪ್ಯೂಟರ್ ನೋಡಿಕೊಂಡಿದ್ದ ನಾಲ್ಕು ವರ್ಷಗಳಲ್ಲಿ ಇವೆರಡರಲ್ಲಿ ಒಂದಾದರೂ ಆಗದ ವಾರ ಇರಲಿಲ್ಲ.

ಎರಡು ಸಾವಿರದ ಐದರ ಆಸುಪಾಸಿನ ಮಾತು. ದವಾಖಾನೆ ಒಂದೇ, ಊರು ಮೂರು. ಡಾಕ್ಟರ್ ಸಾಹೇಬರು ಜೀಪಿನಲ್ಲಿ ರೋಣ, ನರಗುಂದ, ಗಜೇಂದ್ರಗಡ ಸುತ್ತುತ್ತಿದ್ದರು. ಪೇಶಂಟುಗಳ ಕಾರ್ಡೆಲ್ಲ ರೋಣದ ದೊಡ್ಡ ಕಂಪ್ಯೂಟರಿನಲ್ಲಿ. ಉಳಿದೆರಡು ಊರಿನವರು ಟೆಲಿಫೋನ್ ಲೈನಿನ ಮೇಲೆ ಅದನ್ನು ತರಿಸಿಕೊಳ್ಳಬೇಕು. ಲೈನು ಎತ್ತಿನ ಬಂಡಿಗಿಂತ ನಿಧಾನ. ಹಾಗಾಗಿ ಹುಬ್ಬಳ್ಳಿಯಿಂದ ಬಂದ ಒಬ್ಬ ಇಂಜಿನಿಯರು ಮೂರೂ ಊರಿನಲ್ಲಿ ಒಂದೊಂದು ಪೆಟ್ಟಿಗೆ ಇಟ್ಟ. ಒಮ್ಮೆ ನೋಡಿದ ಕಾರ್ಡನ್ನು ಅದು ತನ್ನ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ, ಮತ್ತೆ ಕೇಳಿದರೆ ಚಿಟಿಕೆ ಹೊಡೆಯುವುದರೊಳಗೆ ತೋರಿಸುತ್ತದೆ. ಕಪಾಟಿಗೆ ಎದ್ದು ಹೋಗುವ ಬದಲು ಕಿಸೆಯಲ್ಲೇ ಚೀಟಿ ಇಟ್ಟುಕೊಂಡ ಹಾಗೆ. ಒಂದು ಊರಿನಲ್ಲಿ ಏನಾದರೂ ತಿದ್ದಿದರೆ ಮೂರು ಪೆಟ್ಟಿಗೆಗಳೂ ಒಂದಕ್ಕೊಂದು ಹೇಳಿಕೊಳ್ಳಬೇಕು.

ಇದಕ್ಕೆ ಇಂಗ್ಲಿಷಿನಲ್ಲಿ ಕ್ಯಾಶ್ ಅನ್ನುತ್ತಾರೆ, ರೊಕ್ಕದ ಕ್ಯಾಶ್ ಬೇರೆ. ಆ ಹೆಸರನ್ನು ಬಸ್ಸಿನಲ್ಲಿ ಒಮ್ಮೆ ಹೇಳಿದೆ, ಪಕ್ಕದವರು ದಾರಿಯುದ್ದಕ್ಕೂ ನನ್ನ ಚೀಲವನ್ನೇ ನೋಡಿದರು. ಆಮೇಲೆ ಎಲ್ಲರ ಮುಂದೂ ಪೆಟ್ಟಿಗೆ ಅಂತಲೇ ಅಂದೆ.

ಇಂಜಿನಿಯರು ಎರಡು ದಿನ ಕಲಿಸಿ ಹೋದ. ಮೂರನೆಯ ದಿನದಿಂದ ನಾನೇ ಇಂಜಿನಿಯರು. ಆಗ ನನಗೆ ಇಪ್ಪತ್ತಾರು.

ಕರೆಂಟು ಬಂತು, ನೆನಪು ಬರಲಿಲ್ಲ

ಪೆಟ್ಟಿಗೆಯ ನೆನಪು ಕರೆಂಟು ಇರುವ ತನಕ ಮಾತ್ರ. ಕರೆಂಟು ಹೋಯಿತೋ, ಎಲ್ಲ ಖಾಲಿ. ಬ್ಯಾಟರಿ ಇತ್ತು, ಅದು ಹತ್ತು ನಿಮಿಷ ಕೆಮ್ಮಿ ಮಲಗುತ್ತಿತ್ತು.

ಒಂದು ದಿನ ಮೂರೂ ಊರಿನಲ್ಲಿ ಒಟ್ಟಿಗೆ ಹೋದ ಕರೆಂಟು ಒಟ್ಟಿಗೇ ಬಂತು. ನಾನು ನರಗುಂದದಲ್ಲಿದ್ದೆ. ನಲವತ್ತು ಮಂದಿಗೆ ಕಣ್ಣಿನ ಔಷಧ ಬಿಟ್ಟು ಕೂರಿಸಿದ್ದರು. ಆ ಔಷಧ ಬಿಟ್ಟರೆ ಒಂದೆರಡು ತಾಸು ಎಲ್ಲ ಮಂಜು, ಎದುರಿಗಿನವರ ಮುಖವೂ ಕಾಣುವುದಿಲ್ಲ. ಡಾಕ್ಟರು ಒಳಗೆ ಕಾಯುತ್ತಿದ್ದಾರೆ, ಕಾರ್ಡು ಬರುತ್ತಿಲ್ಲ. ನರಗುಂದದ ಪೆಟ್ಟಿಗೆಯೂ ಗಜೇಂದ್ರಗಡದ ಪೆಟ್ಟಿಗೆಯೂ ಎಲ್ಲ ಮರೆತು, ಒಂದೇ ಸಲಕ್ಕೆ ರೋಣವನ್ನು ಕೇಳತೊಡಗಿದ್ದವು. ರೋಣದ ಕಂಪ್ಯೂಟರು ಯಾರಿಗೂ ಉತ್ತರ ಕೊಡಲಾರದೆ ನಿಂತಿತ್ತು.

ಅಲ್ಲಿನ ಸಿಸ್ಟರು ಹೊರಗೆ ಹೋಗಿ ಜನರಿಗೆ ಹೇಳಿದಳು, "ಸ್ವಲ್ಪ ತಡೀರಿ. ಕರೆಂಟ ಬಂದೈತಿ, ಕಂಪ್ಯೂಟರಿಗೆ ಇನ್ನೂ ನೆನಪ ಬಂದಿಲ್ಲ."

ಮುಂದಿನ ಸಾಲಿನಲ್ಲಿ ಕಣ್ಣುಮುಚ್ಚಿ ಕೂತಿದ್ದ ಹಿರಿಯರೊಬ್ಬರು ಕೇಳಿದರು, "ನಮ್ಮ ಹೆಸರೂ ಮರ್ತೈತೇನ್ರಿ?"

"ಹೌದ್ರಿ, ಎಲ್ಲಾ ಮರ್ತೈತಿ."

"ಮತ್ತ ನಮ್ಮ ಕಣ್ಣಿಗೆ ಔಷಧ ಬಿಟ್ಟಿದ್ದು ಯಾರಿಗೆ ನೆನಪೈತಿ?"

"ನನಗ ಐತ್ರಿ."

"ಹಂಗಾರ ಒಳಗ ನೀವು ಕುಂದರ್ರಿ ಯಕ್ಕಾ. ಅದನ್ನ ಹೊರಗ ಕಳಸ್ರಿ, ನಮ್ಮ ಕೂಡ ಕಾಯ್ಲಿ."

ಮರುದಿನದಿಂದ, ಕರೆಂಟು ಬಂದ ಮೇಲೆ ನರಗುಂದ ಹತ್ತು ನಿಮಿಷ ತಡೆದು, ಗಜೇಂದ್ರಗಡ ಇಪ್ಪತ್ತು ನಿಮಿಷ ತಡೆದು ಕೇಳುವ ಹಾಗೆ ಮಾಡಿದೆ. ಆ ಹೊತ್ತಿನಲ್ಲಿ ಸಿಸ್ಟರು ಕಾಗದದ ಮೇಲೆ ಬರೆದುಕೊಂಡು ಜನರನ್ನು ಒಳಗೆ ಬಿಡುತ್ತಿದ್ದಳು. ಅವಳ ಕಾಗದದ ಕೆಲಸವೇ ಕಂಪ್ಯೂಟರಿಗಿಂತ ಬೇಗ ಮುಗಿಯುತ್ತಿತ್ತು. ಇದನ್ನು ನಾನು ಡಾಕ್ಟರಿಗೆ ಹೇಳಲಿಲ್ಲ.

ಹೊಳೆಮಣ್ಣೂರಿನ ಯಜಮಾನರು

ಯಾವ ಕಾರ್ಡನ್ನು ಎಷ್ಟು ಸಲ ಕೇಳಿದರು ಎಂಬ ಲೆಕ್ಕ ಪೆಟ್ಟಿಗೆಯಲ್ಲಿ ಸಿಗುತ್ತಿತ್ತು. ಒಮ್ಮೆ ಆ ಪಟ್ಟಿ ತೆಗೆದು ನೋಡಿದರೆ, ಹೊಳೆಮಣ್ಣೂರಿನ ಒಬ್ಬರ ಕಾರ್ಡನ್ನು ಮಾತ್ರ ದಿನಕ್ಕೆ ನೂರಾರು ಸಲ ತೆಗೆದಿದ್ದಾರೆ. ಬೇರೆಯವರದು ಒಂದೋ ಎರಡೋ ಸಲ. ಎಲ್ಲಿ ತಪ್ಪಾಗಿದೆ ಎಂದು ನಾನು ಹುಡುಕುತ್ತಿರುವಾಗ ಡಾಕ್ಟರು ಹಿಂದೆ ಬಂದು ನಿಂತು ಪಟ್ಟಿ ಓದಿದರು.

"ಯಾರಿವರು? ಇಷ್ಟು ಸಲ ಯಾಕ ನೋಡ್ಯಾರ? ಏನೋ ಗಂಭೀರ ಇರಬೇಕು, ನಾನಽ ಬಿಟ್ಟೀನಿ," ಎಂದು ಮುಖ ಸಣ್ಣದು ಮಾಡಿಕೊಂಡರು. ನಾನು ಬಾಯಿ ತೆರೆಯುವುದರೊಳಗೆ ಡ್ರೈವರನನ್ನು ಕರೆದು ಜೀಪು ಕಳಿಸಿದರು.

ದವಾಖಾನೆಯ ಜೀಪು ಮನೆ ಮುಂದೆ ನಿಂತರೆ ಯಾರಿಗೆ ಎದೆ ಒಡೆಯುವುದಿಲ್ಲ? ಯಜಮಾನರು ಬಂದರು, ಜೊತೆಗೆ ಹೆಂಡತಿ, ತಮ್ಮ, ಬೀಗರು. ಹೆಂಡತಿ ಬಾಗಿಲಲ್ಲೇ ಸೆರಗು ಬಾಯಿಗಿಟ್ಟುಕೊಂಡು ನಿಂತಳು. ಡಾಕ್ಟರು ಅರ್ಧ ತಾಸು ಪರೀಕ್ಷೆ ಮಾಡಿದರು. ಯಜಮಾನರ ಕಣ್ಣು ಗಿಡುಗದ ಕಣ್ಣಿನ ಹಾಗಿತ್ತು.

ಅಷ್ಟರಲ್ಲಿ ನನಗೆ ಕಾರಣ ಸಿಕ್ಕಿತ್ತು. ಲೈನು ನಡೆಯುತ್ತಿದೆಯೋ ಇಲ್ಲವೋ ನೋಡಲು ಮೂರೂ ಊರಿನವರು ಸುಲಭದ ಒಂದು ನಂಬರು ಒತ್ತುತ್ತಿದ್ದರು: ಒಂದು, ಒಂದು, ಒಂದು, ಒಂದು. ಆ ನಂಬರಿನ ಕಾರ್ಡು ಇವರದು. ಕೆಲಸವಿಲ್ಲದಾಗಲೂ ಒತ್ತಿ ನೋಡುತ್ತಿದ್ದರು.

ಎಲ್ಲವನ್ನೂ ಹೇಳಿ ಕೈ ಮುಗಿದೆ. ಯಜಮಾನರು, "ಅಂದ್ರ ನನಗ ಏನೂ ಆಗಿಲ್ಲ?" ಅಂದರು.

"ಏನೂ ಆಗಿಲ್ರಿ."

"ಆತು. ಅದನ್ನ ನನ್ನ ಹೆಂಡತಿಗೆ ನೀವಽ ಬಂದು ಹೇಳ್ರಿ ಅಕ್ಕಾರ. ಜೀಪಿನ್ಯಾಗ ಬರ್ತಾ ನಾ ಹೆದರಿ, ಇಪ್ಪತ್ತು ವರ್ಷ ಮುಚ್ಚಿಟ್ಟಿದ್ದೆಲ್ಲಾ ಆಕಿ ಮುಂದ ಒಪ್ಪಿಬಿಟ್ಟೀನಿ."

ಬೆಳವಣಕಿಯವರು ಬಂದರು

ಪೆಟ್ಟಿಗೆಯ ಜಾಗ ಸಣ್ಣದು. ತುಂಬಿದ ಮೇಲೆ ಹೊಸ ಕಾರ್ಡು ಬಂದರೆ ಹಳೆಯದೊಂದನ್ನು ಹೊರಗೆ ಹಾಕಬೇಕು. ಯಾರನ್ನು ಹಾಕಬೇಕು? ಬಹಳ ದಿನದಿಂದ ಬಾರದವರನ್ನು. ಹಾಗೆ ಹೊಂದಿಸಿದೆ. ಇದರಿಂದ ಯಾರಿಗೂ ನಷ್ಟವಿಲ್ಲ, ಅವರ ಕಾರ್ಡು ರೋಣದಲ್ಲಿ ಇದ್ದೇ ಇರುತ್ತದೆ.

ಇದನ್ನು ಒಂದು ದಿನ ನರಗುಂದದಿಂದ ಗಜೇಂದ್ರಗಡದ ಕಾಂಪೌಂಡರ್ ಮಾಮಾನಿಗೆ ಫೋನಿನಲ್ಲಿ ಹೇಳುತ್ತಿದ್ದೆ. "ಬಾಳ ದಿನ ಬರದವ್ರ ಹೆಸರು ತಾನಽ ಬಿದ್ದು ಹೋಗ್ತೈತಿ ಮಾಮಾ, ಚಿಂತಿ ಮಾಡಬ್ಯಾಡ." ನನ್ನ ಎದುರಿಗೆ ಬೆಳವಣಕಿಯ ಒಬ್ಬರು ಕನ್ನಡಕ ಒರೆಸುತ್ತ ಕೂತಿದ್ದರು. ಅವರು ನನ್ನ ಮುಖ ನೋಡಿದರು, ಕನ್ನಡಕ ಹಾಕಿಕೊಂಡರು, ಎದ್ದು ಹೋದರು.

ಮರುದಿನ ಬೆಳಿಗ್ಗೆ ಬಾಗಿಲು ತೆರೆಯಲು ಹೋದರೆ ರಸ್ತೆಯ ತನಕ ಸಾಲು. ಎರಡು ಟ್ರ್ಯಾಕ್ಟರಿನಲ್ಲಿ ಬಂದಿದ್ದರು.

"ಏನಾಗೈತ್ರಿ?" ಎಂದು ಮೊದಲಿನವರನ್ನು ಕೇಳಿದೆ.

"ಏನೂ ಆಗಿಲ್ರಿ."

"ಕಣ್ಣಿಗೆ?"

"ಕಣ್ಣು ಚಲೋ ಅದಾವು. ಹೆಸರು ಬೀಳಬಾರದಂತ ಬಂದೇವಿ. ಒಂದು ಸಲ ಒತ್ತಿ ತೋರಸ್ರಿ, ಹೋಗ್ತೇವಿ."

ಎಷ್ಟು ಹೇಳಿದರೂ ನಂಬಲಿಲ್ಲ. ರೇಷನ್ ಕಾರ್ಡಿನಿಂದ, ಓಟಿನ ಪಟ್ಟಿಯಿಂದ ಹೆಸರು ಬಿದ್ದು ಓಡಾಡಿದವರು ಅವರು. ಹೆಸರು ಬೀಳುವುದು ಏನೆಂದು ನನಗಿಂತ ಚೆನ್ನಾಗಿ ಗೊತ್ತಿತ್ತು. ಒಬ್ಬೊಬ್ಬರದೇ ಕಾರ್ಡು ತೆಗೆದು ತೋರಿಸುತ್ತ ಹೋದೆ. ಕಣ್ಣು ಚೆನ್ನಾಗಿದ್ದ ಬೆಳವಣಕಿಯವರೆಲ್ಲ ಪೆಟ್ಟಿಗೆ ತುಂಬಿದರು, ಅಂದು ನಿಜವಾಗಿ ತಪಾಸಣೆಗೆ ಬಂದವರೆಲ್ಲ ಹೊರಗೆ ಬಿದ್ದರು, ಅವರ ಕಾರ್ಡು ಮತ್ತೆ ರೋಣದಿಂದ ತೆವಳಿ ಬರಬೇಕು. ಡಾಕ್ಟರು ಒಳಗಿನಿಂದ ಗಂಟೆ ಬಾರಿಸುತ್ತಲೇ ಇದ್ದರು, ನನಗೆ ಅಳು ಬರುವುದೊಂದು ಬಾಕಿ.

ಮಧ್ಯಾಹ್ನಕ್ಕೆ ಸಾಲು ಮುಗಿಯಿತು. ಕೊನೆಯವರು ತಮ್ಮ ಹೆಸರು ಪರದೆಯ ಮೇಲೆ ಓದಿಕೊಂಡು, ಸಮಾಧಾನದಿಂದ ನನಗೆ ಹೇಳಿದರು: "ನೀವು ಸುಮ್ನ ಕಾಳಜಿ ಮಾಡಬ್ಯಾಡ್ರಿ ಅಕ್ಕಾರ. ಪ್ರತಿ ಸೋಮವಾರ ಬರ್ತೇವಿ."

ಯಾವ ಕಣ್ಣು?

ಇದು ನಾನು ಈಗಲೂ ಮರೆಯದ ಪ್ರಸಂಗ.

ಅಂದು ಗಜೇಂದ್ರಗಡದಲ್ಲಿ ಮೋತಿಬಿಂದು, ಅಂದರೆ ಕಣ್ಣಿನ ಪೊರೆಯ ಆಪರೇಷನ್ನು. ಡಾಕ್ಟರು ರೋಣದಲ್ಲಿ ಬೆಳಗಿನ ಚಹಾ ಕುಡಿಯುತ್ತ ಪಟ್ಟಿ ನೋಡಿದರು. ಮುಶಿಗೇರಿಯ ಒಬ್ಬ ಅಜ್ಜಿಯ ಹೆಸರಿನ ಮುಂದೆ "ಎಡಗಣ್ಣು" ಎಂದಿತ್ತು. "ಬಲಗಣ್ಣು ಅದು, ತಿದ್ದವಾ," ಎಂದು ನನಗೆ ಹೇಳಿ ಜೀಪು ಹತ್ತಿದರು.

ಒಂಬತ್ತೂ ಹತ್ತಕ್ಕೆ ತಿದ್ದಿದೆ. ಐದು ನಿಮಿಷ ಬಿಟ್ಟು ನೋಡಿದರೆ ಮತ್ತೆ ಎಡಗಣ್ಣು. ಕೈ ತಪ್ಪಿತೇನೋ ಎಂದು ಮತ್ತೆ ತಿದ್ದಿ, ಎರಡು ಸಲ ಓದಿ ಖಾತ್ರಿ ಮಾಡಿಕೊಂಡೆ. ಒಂಬತ್ತೂವರೆ ಆಗುವುದರೊಳಗೆ ನನ್ನ ಕಣ್ಣೆದುರಿಗೇ ಬಲ ಹೋಗಿ ಎಡ ಬಂತು.

ಆಗ ಹೊಳೆಯಿತು. ಎರಡು ಊರಿನಲ್ಲಿ ಬೇರೆಬೇರೆ ಬರೆದಿದ್ದರೆ, ಯಾರ ಬರಹದ ಮೇಲಿನ ಟೈಮು ಹೊಸದೋ ಅದನ್ನೇ ಪೆಟ್ಟಿಗೆಗಳು ಖರೇ ಅನ್ನುತ್ತವೆ. ಗಜೇಂದ್ರಗಡದಲ್ಲಿ ಬೆಳಿಗ್ಗೆ ಬರೆದಿದ್ದ ಎಡಗಣ್ಣಿನ ಮೇಲೆ "ಒಂಬತ್ತೂ ನಲವತ್ತು" ಎಂದು ಬಿದ್ದಿತ್ತು. ಒಂಬತ್ತೂ ನಲವತ್ತು ಇನ್ನೂ ಆಗಿಯೇ ಇರಲಿಲ್ಲ. ಅಲ್ಲಿನ ಕಂಪ್ಯೂಟರಿನ ಗಡಿಯಾರ ಮುಂದೆ ಓಡುತ್ತಿತ್ತು.

ಫೋನು ಮಾಡಿದೆ. ಎಂಗೇಜ್. ಮತ್ತೆ ಎಂಗೇಜ್. ಅಲ್ಲಿ ಇದ್ದದ್ದು ಒಂದೇ ಲೈನು, ಅದನ್ನು ಕಂಪ್ಯೂಟರೇ ಹಿಡಿದುಕೊಂಡಿತ್ತು. ತನ್ನ ಮೇಲಿನ ಚಾಡಿ ಕೇಳಿಸಬಾರದೆಂದು ತಾನೇ ಫೋನು ಹಿಡಿದು ಕೂತ ಹಾಗೆ. ಡಾಕ್ಟರು ದಾರಿಯಲ್ಲಿದ್ದಾರೆ. ಅವರು ತಲುಪುವುದರೊಳಗೆ ಅಲ್ಲಿನವರು ಆ ಅಜ್ಜಿಯ ಎಡ ಹುಬ್ಬಿನ ಮೇಲೆ ಗುರುತು ಹಾಕಿ, ಔಷಧ ಬಿಟ್ಟು, ಮಲಗಿಸಿರುತ್ತಾರೆ.

ಅಲ್ಲಿನ ದವಾಖಾನೆಯ ಪಕ್ಕದಲ್ಲೊಂದು ಸೀರೆ ಅಂಗಡಿ. ಅಂಗಡಿಯ ಚಾಚಾನ ನಂಬರು ರೋಣದ ನಮ್ಮ ಗೋಡೆಯ ಮೇಲೆ ಬರೆದಿತ್ತು.

"ಚಾಚಾ, ಓಡಿ ಹೋಗಿ ದವಾಖಾನಿಯಾಗ ಹೇಳ್ರಿ, ಕಂಪ್ಯೂಟರ್ ತಪ್ಪೈತಿ, ಮುಶಿಗೇರಿ ಆಯಿದು ಎಡಗಣ್ಣಲ್ಲ, ಬಲಗಣ್ಣು."

"ಏನಂದಿ ಬೇಟಾ? ಗಿರಾಕಿ ಗದ್ಲ ಐತಿ. ಎಡಗಣ್ಣು ಅಂತ ಹೇಳ್ಲೇನ?"

ಅಲ್ಲಿಗೆ ಲೈನು ಕಟ್ಟಾಯಿತು. ಮತ್ತೆ ಹತ್ತಲೇ ಇಲ್ಲ.

ಬಸ್ ಸ್ಟ್ಯಾಂಡಿಗೆ ಓಡಿದೆ. ಗಜೇಂದ್ರಗಡದ ತನಕ ಸೀಟಿನ ತುದಿಯಲ್ಲಿ ಕೂತು, ಚಾಚಾ ಏನು ಹೇಳಿರಬಹುದು, ಯಾರು ಏನು ಕೇಳಿಸಿಕೊಂಡಿರಬಹುದು ಎಂದು ಲೆಕ್ಕ ಹಾಕಿದೆ. ಕಂಡಕ್ಟರು ಟಿಕೆಟ್ಟು ಕೇಳಿದರೆ "ಬಲಗಣ್ಣು" ಅಂದೆನಂತೆ. ನನಗೆ ನೆನಪಿಲ್ಲ.

ದವಾಖಾನೆಯೊಳಗೆ ಕಾಲಿಟ್ಟರೆ, ಪಡಸಾಲೆಯ ಬೆಂಚಿನ ಮೇಲೆ ಅಜ್ಜಿ ಕಾಲು ಮಡಚಿ ಕೂತಿದ್ದಳು. ಯಾವ ಕಣ್ಣಿಗೂ ಪಟ್ಟಿ ಇಲ್ಲ. ಎರಡೂ ಹುಬ್ಬಿನ ಮೇಲೆ ಶಾಯಿಯ ಗುರುತು. ಡಾಕ್ಟರು ಹಸಿರು ಗೌನು ಹಾಕಿಕೊಂಡು ಅವಳ ಮುಂದೆ ನಿಂತಿದ್ದರು.

"ನಾನು ಟಾರ್ಚ್ ಹಿಡಿದು ನೋಡೀನಿ, ಬಲಗಣ್ಣಽ ಅಂತ ಹೇಳೀನಿ," ಅಂದರು ನನಗೆ. "ಆದ್ರ ಸೀರಿ ಅಂಗಡಿಯವ್ರು ಬಂದು, ಕಂಪ್ಯೂಟರ್ ತಪ್ಪೈತಿ, ನಿಲ್ಲಸ್ರಿ ಅಂತ ಒದರಿ ಹ್ವಾದ್ರು. ಈಗ ಈಕಿ ಏಳವಲ್ಲಳು."

ಅಜ್ಜಿ ನನ್ನತ್ತ ತಿರುಗಿದಳು. "ನೀನಽ ಏನ ತಂಗಿ ಆ ಪೆಟ್ಟಿಗಿ ನಡಸಾಕಿ? ರೋಣದ್ದು ಒಂದ ಹೇಳ್ತೈತಂತ, ಇಲ್ಲಿದು ಒಂದ ಹೇಳ್ತೈತಂತ. ಇವೆರಡೂ ಒಂದ ಮಾತಿಗೆ ಬರಲಿ, ನಾ ಏಳ್ತೀನಿ."

ಕಾಂಪೌಂಡರ್ ಮಾಮಾನನ್ನು ಗಡಿಯಾರದ ಬಗ್ಗೆ ಕೇಳಿದೆ. "ಬಸ್ ತಪ್ಪಬಾರದಂತ ಮನ್ಯಾಗಿನ ಗಡಿಯಾರ ಮುಂದ ಇಟ್ಟೀನಿ. ಇದನ್ನೂ ಅದಕ್ಕ ಕೂಡಿಸಿಟ್ಟೆ," ಅಂದ. ಗಡಿಯಾರ ಸರಿ ಮಾಡಿದೆ. ಕಾರ್ಡು ತಿದ್ದಿದೆ. ಈ ಸಲ ತಿದ್ದಿದ್ದು ನಿಂತಿತು. ಅಜ್ಜಿಯನ್ನು ಕೈಹಿಡಿದು ತಂದು ಪರದೆಯ ಮುಂದೆ ಕೂರಿಸಿ ಓದಿ ಹೇಳಿದೆ. ಸೀರೆ ಅಂಗಡಿಗೆ ಹೋಗಿ ರೋಣಕ್ಕೆ ಫೋನು ಹಚ್ಚಿ, ಅಲ್ಲಿಯೂ ಬಲಗಣ್ಣೇ ಇದೆ ಎಂದು ಕೇಳಿಕೊಂಡು ಬಂದೆ.

"ಎರಡೂ ಒಂದ ಮಾತಿಗೆ ಬಂದಾವು ಆಯೀ. ಈಗ ನಡೀರಿ."

ಅಜ್ಜಿ ಏಳಲಿಲ್ಲ. "ನರಗುಂದ ಏನಂತೈತಿ?"

ಡಾಕ್ಟರು ಗೋಡೆಯ ಕಡೆ ಮುಖ ಮಾಡಿದರು. ಅವರ ಭುಜ ಅಲುಗಾಡುತ್ತಿತ್ತು. ನಾನು ಮತ್ತೆ ಸೀರೆ ಅಂಗಡಿಗೆ ಓಡಿದೆ. ನರಗುಂದದ ಲೈನು ಹತ್ತು ಸಲ ಎಂಗೇಜ್ ಬಂದು ಹನ್ನೊಂದನೆಯ ಸಲಕ್ಕೆ ಸಿಸ್ಟರು ಸಿಕ್ಕಳು. ಬಲಗಣ್ಣು ಎಂದಳು.

ಅಜ್ಜಿ ಎದ್ದು, ಸೆರಗು ಸರಿ ಮಾಡಿಕೊಂಡು, ತಾನೇ ಆಪರೇಷನ್ ಕೋಣೆಗೆ ನಡೆದಳು. ಸಂಜೆಯ ಹೊತ್ತಿಗೆ ಬಲಗಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹಾಲು ಕುಡಿಯುತ್ತ ಕೂತಿದ್ದಳು. ಕಣ್ಣು ಚಲೋ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು, ಹಾಗೇ ಬಂತು. ನಾನು ಪಕ್ಕದಲ್ಲಿ ಕೂತು, "ಭಾಳ ತ್ರಾಸ ಕೊಟ್ಟೆ ಆಯೀ, ತಪ್ಪಾತು," ಅಂದೆ.

"ಇರ್ಲಿ ಬಿಡ ತಂಗಿ. ಬಲಗಣ್ಣಂತ ನನಗ ಮೊದಲಽ ಗೊತ್ತಿತ್ತು. ಕಾಣವಲ್ದಾಗಿದ್ದು ನನಗಲ್ಲೇನ?"

"ಮತ್ತ ಹೇಳ್ಬೇಕಲ್ಲ?"

"ನನ್ನ ಯಾರ ಕೇಳಿದ್ರು?" ಅಂದಳು ಅಜ್ಜಿ. "ನೀವು ಮೂರೂ ಊರಿನವ್ರು ಒಬ್ಬರನ್ನೊಬ್ಬರು ಕೇಳಾಕತ್ತಿದ್ರಿ. ನಡುವ ಯಾಕ ಬಾಯಿ ಹಾಕ್ಲಿ, ಮುಗೀಲಿ ಅಂತ ಕುಂತೆ."