ಮರಿಯ ಶಾಲೆ, ಅತ್ತೆಯ ಶಾಲು

ಬಿಚ್ಚಿ ನೋಡದೆ ಯಾವುದನ್ನೂ ನಂಬುವ ಜಾಯಮಾನ ನನ್ನದಲ್ಲ. ಲಿಫ್ಟ್ ರಿಪೇರಿಯವನಿಗೆ ಅದು ಅನಿವಾರ್ಯ ಎನ್ನಿ. ಮನೆಯ ಗಡಿಯಾರ, ಮಿಕ್ಸರ್, ಹೆಂಡತಿಯ ಹೊಲಿಗೆ ಯಂತ್ರ, ಎಲ್ಲದರ ಹೊಟ್ಟೆಯೊಳಗೂ ಇಣುಕಿದ್ದೇನೆ. (ಹೊಲಿಗೆ ಯಂತ್ರ ಆಮೇಲೆ ಹೊಲಿಯಲಿಲ್ಲ. ಆ ಮಾತು ಈಗ ಬೇಡ.) ಆದರೆ ನಮ್ಮ ನಾಯಿಯ ತಲೆಯೊಳಗೆ ಏನು ನಡೆಯುತ್ತದೆ ಎಂಬುದು ಮಾತ್ರ ಇವತ್ತಿಗೂ ತಿಳಿದಿಲ್ಲ. ಹುಡುಕಿ ನೋಡಿದೆ, ಎಲ್ಲೂ ಸ್ಕ್ರೂ ಇಲ್ಲ.

ನಾಯಿಯ ಹೆಸರು ಮರಿ. ತಂದಾಗ ನನ್ನ ಟೂಲ್ ಬ್ಯಾಗಿನಲ್ಲಿ ಹಿಡಿಸುತ್ತಿತ್ತು. ಹೆಸರು ಅಲ್ಲೇ ನಿಂತಿತು, ಮರಿ ನಿಲ್ಲಲಿಲ್ಲ. ಈಗ ಅದು ಸೋಫಾದ ಮೇಲೆ ಮಲಗಿದರೆ ನಾನು, ಹೆಂಡತಿ, ಮಗಳು ಮೂವರೂ ನೆಲದ ಮೇಲೆ. ಕೆಟ್ಟ ಬುದ್ಧಿ ಒಂದೂ ಇಲ್ಲ, ಪ್ರೀತಿ ಮಾತ್ರ ವಿಪರೀತ. ಬಾಗಿಲಲ್ಲಿ ಯಾರು ಕಂಡರೂ ಮುಂಗಾಲನ್ನು ಅವರ ಹೆಗಲಿಗೇರಿಸಿ ಮುಖ ತೊಳೆದುಬಿಡುತ್ತದೆ. ನನಗಂತೂ ಅದೇ ಇಷ್ಟ. ದಿನವಿಡೀ ಗ್ರೀಸು ಮೆತ್ತಿಕೊಂಡು ಬಂದವನನ್ನು ಈ ಮನೆಯಲ್ಲಿ ಇನ್ಯಾರು ಹಾಗೆ ಬರಮಾಡಿಕೊಳ್ಳುತ್ತಾರೆ, ಹೇಳಿ?

"ರೀ, ಅಮ್ಮನ ಮಂಡಿ ಆಪರೇಷನ್ ಆಯ್ತಲ್ಲ, ಸುಧಾರಿಸಿಕೊಳ್ಳೋಕೆ ಇಲ್ಲಿಗೇ ಬರ್ತಾಳೆ" ಎಂದಳು ಹೆಂಡತಿ.

"ಬರ್ಲಿ, ಸಂತೋಷ."

"ನಿಮ್ಮ ಸಂತೋಷ ಹಾಗಿರ್ಲಿ. ಆ ಮರಿ ಅಮ್ಮನ ಮೇಲೆ ಒಂದೇ ಒಂದು ಸಲ ಹಾರಿದ್ರೂ, ತಂದ ಕಡೆಗೇ ಬಿಟ್ಟು ಬರ್ಬೇಕು. ತಮಾಷೆ ಅಲ್ಲ!"

ತಮಾಷೆಯಲ್ಲ ಎಂದು ನನಗೂ ಗೊತ್ತಿತ್ತು. ಮರಿ ಇಲ್ಲದ ಬಾಗಿಲನ್ನು ನೆನೆಸಿಕೊಳ್ಳುವುದೂ ನನ್ನಿಂದಾಗದು.

ಆಗ ನನ್ನ ಕಸುಬೇ ಕೈ ಹಿಡಿಯಿತು. ಲಿಫ್ಟಿಗೆ ಜನರನ್ನು ಹತ್ತಿಸುವ ಮೊದಲು ನಾವು ಅಷ್ಟೇ ಭಾರದ ಮೂಟೆಗಳನ್ನಿಟ್ಟು ಪರೀಕ್ಷೆ ಮಾಡುತ್ತೇವೆ. ಹಾಗೆಯೇ ಅತ್ತೆ ಬರುವ ಮೊದಲು ಅತ್ತೆಯ ಭಾರದ್ದೇ ಏನಾದರೂ ಬೇಕು. ಮನೆಯಲ್ಲಿ ಅಷ್ಟು ಭಾರವಿದ್ದವನು ನಾನೊಬ್ಬನೇ!

ಅತ್ತೆ ಹಿಂದೊಮ್ಮೆ ಬಿಟ್ಟುಹೋಗಿದ್ದ ಬೂದು ಶಾಲು ಹೊದ್ದೆ. ಊರುಗೋಲೊಂದನ್ನು ಎರವಲು ತಂದೆ. ನಾಯಿಯ ಮೂಗು ಸಾಮಾನ್ಯದ್ದಲ್ಲವಲ್ಲ, ಅದಕ್ಕೆಂದು ಮಂಡಿಗೆ ಅವರು ಹಚ್ಚುವಂಥದೇ ನೋವಿನ ಮುಲಾಮು ಹಚ್ಚಿಕೊಂಡೆ. ಮಗಳು ಬಿಸ್ಕತ್ತು ಹಿಡಿದು ಒಳಗೆ ನಿಂತಳು. ನಾನು ಕುಂಟುತ್ತ ಗೇಟಿನಿಂದ ಬರುವುದು, ಮರಿ ಹಾರಿದರೆ ಬೆನ್ನು ತಿರುಗಿಸಿ ವಾಪಸ್ ಹೋಗುವುದು, ಕೂತರೆ ಅದಕ್ಕೆ ಬಿಸ್ಕತ್ತು. ಸಂಜೆ ಸಂಜೆ ಇದೇ ಅಖಂಡ ತಪಸ್ಸು.

"ಏನ್ಸಾರ್, ಕಾಲಿಗೇನಾಯ್ತು?" ಎಂದು ಕೇಳಿದ ಎದುರುಮನೆಯ ದರ್ಜಿ.

"ಏನೂ ಇಲ್ಲ. ಈಗ ನಾನು ನಮ್ಮತ್ತೆ."

ಅವನು ಮೆಲ್ಲಗೆ ಕಿಟಕಿ ಮುಚ್ಚಿಕೊಂಡ.

ಮರಿ ಮೊದಮೊದಲು ಶಾಲನ್ನೇ ಎಳೆದಾಡಿತು. ಆಮೇಲೆ ತಲೆ ವಾರೆ ಮಾಡಿ ನನ್ನನ್ನೇ ದಿಟ್ಟಿಸತೊಡಗಿತು. ಆ ಕಣ್ಣೊಳಗೆ ಯಾವ ಚಕ್ರ ತಿರುಗುತ್ತಿತ್ತೋ! ಅಂತೂ ಒಂದು ಸಂಜೆ ಶಾಲು ಕಂಡದ್ದೇ ತಡ, ತಟ್ಟನೆ ಕೂತುಬಿಟ್ಟಿತು. ಖುಷಿಯಲ್ಲಿ ನಾನೇ ಒಂದು ಬಿಸ್ಕತ್ತು ತಿಂದೆ.

ಅತ್ತೆ ಬಂದರು. ಮೈಮೇಲೆ ಅಂಥದೇ ಇನ್ನೊಂದು ಶಾಲು, ಕೈಯಲ್ಲಿ ಕೋಲು, ಹತ್ತು ಮಾರು ದೂರಕ್ಕೆ ಮುಲಾಮು. ಹೆಂಡತಿ ಸೊಂಟಕ್ಕೆ ಕೈಯಿಟ್ಟು ತೀರ್ಪು ಕೊಡಲು ನಿಂತಿದ್ದಳು. ಮರಿ ಓಡಿ ಬಂತು, ಅವರನ್ನು ನೋಡಿತು, ಮೂಸಿತು, ಕೂತಿತು!

"ಅಬ್ಬಾ, ಅಳಿಯಂದ್ರೇ! ನಿಮ್ಮ ನಾಯಿಗೆ ಎಷ್ಟು ಮರ್ಯಾದೆ ಗೊತ್ತು!" ಎಂದು ಅತ್ತೆ ಅದರ ತಲೆ ಸವರಿದರು.

ನಾನು ಉಬ್ಬಿಹೋದೆ. "ಎಲ್ಲಾ ತರಬೇತಿ ಅತ್ತೆ, ತರಬೇತಿ" ಎನ್ನುತ್ತ ಮುಂದೆ ಬಂದೆ. ಅಷ್ಟೂ ಹೊತ್ತು ತಡೆದುಕೊಂಡಿದ್ದ ಪ್ರೀತಿಯನ್ನೆಲ್ಲ ಸೇರಿಸಿ ಮರಿ ನನ್ನ ಮೇಲೆ ಹಾರಿತು. ನಾನು ಚಪ್ಪಲಿ ಸ್ಟ್ಯಾಂಡಿನ ಸಮೇತ ಅಂಗಾತ ಬಿದ್ದೆ.

"ಅಪ್ಪಾ, ನೀನು ಶಾಲು ಹೊದ್ದಿಲ್ವಲ್ಲ!" ಎಂದಳು ಮಗಳು.

ಆಗ ಹೊಳೆಯಿತು. ಹಾರಬಾರದು ಎಂದು ನಾನು ಕಲಿಸಿಯೇ ಇಲ್ಲ. ಶಾಲು ಹೊದ್ದು ಕುಂಟುವವರ ಮೇಲೆ ಹಾರಬಾರದು ಎಂದಷ್ಟೇ ಕಲಿಸಿದ್ದೇನೆ.

"ಮರಿ ಇರತ್ತೆ ತಾನೇ?" ಎಂದು ಬಿದ್ದಲ್ಲಿಂದಲೇ ಹೆಂಡತಿಯನ್ನು ಕೇಳಿದೆ.

"ಇರ್ಲಿ ಬಿಡಿ. ಅಮ್ಮನ ಮೇಲೆ ಹಾರ್ಬಾರ್ದು ಅಂದಿದ್ದೆ. ನಿಮ್ಮ ಮೇಲೆ ಹಾರ್ಬೇಡ ಅಂತ ಯಾರು ಹೇಳಿದ್ರು?"

ಅದು ನನ್ನ ಮೇಲೆ ಹಾರಿದರೆ ಮೊದಲು ನನಗೂ ಬೇಸರವಿರಲಿಲ್ಲ. ಬಿದ್ದ ಮೇಲೆ ನನ್ನ ಸೊಂಟ ಮಾತ್ರ ಒಪ್ಪಲಿಲ್ಲ. ಬಗ್ಗಿದರೆ ಏಳಲಾಗದು, ಎದ್ದರೆ ಬಗ್ಗಲಾಗದು. ಡಾಕ್ಟರು ಇನ್ನೊಮ್ಮೆ ಬೀಳಬೇಡಿ ಎಂದರು. ಇತ್ತ ಅತ್ತೆಯ ಮಂಡಿ ಪೂರ್ತಿ ವಾಸಿಯಾಯಿತು. ಹೊರಡುವಾಗ, "ನಿಮಗೇ ಬೇಕಾಗತ್ತೆ, ಇಟ್ಕೊಳಿ" ಎಂದು ಕೋಲನ್ನು ನನ್ನ ಕೈಗೇ ಕೊಟ್ಟು ಹೋದರು.

ಹಾಗಾಗಿ ಈಗ ಕೆಲಸ ಮುಗಿಸಿ ಬಂದವನು ಗೇಟಿನ ಹೊರಗೆ ನಿಂತು, ಟೂಲ್ ಬ್ಯಾಗಿನಿಂದ ಶಾಲು ತೆಗೆದು ಹೊದ್ದು, ಮುಲಾಮು ಹಚ್ಚಿಕೊಂಡು, ಕೋಲೂರಿ ಕುಂಟುತ್ತ ಒಳಗೆ ಬರುತ್ತೇನೆ. ನಿನ್ನೆಯೂ ಹಾಗೇ ಬಂದೆ. ಮರಿ ಬಹಳ ಗೌರವದಿಂದ ಕೂತಿತು. ಮುಲಾಮಿನ ವಾಸನೆ ಅಡುಗೆಮನೆಗೆ ಮುಟ್ಟಿರಬೇಕು, ಹೆಂಡತಿ ಅಲ್ಲಿಂದಲೇ ಕೂಗಿದಳು:

"ಅಮ್ಮಾ, ಬಂದ್ಯಾ? ಕೂತ್ಕೋ, ಕಾಫಿ ತರ್ತೀನಿ. ನಿನ್ನ ಅಳಿಯ ಇನ್ನೂ ಬಂದಿಲ್ಲ."