ಭಾವನವರ ಶನಿವಾರದ ಫುಟ್‌ಬಾಲು

ನಮ್ಮ ಭಾವನವರು ಹುಟ್ಟಿದಾಗಿನಿಂದ ಒಂದು ಸಲವೂ ಚೆಂಡನ್ನು ಕಾಲಿನಿಂದ ಮುಟ್ಟಿದವರಲ್ಲ. ಆದರೂ ಆಗಿನ ಮೈಸೂರು ಸೀಮೆಯಲ್ಲಿ ಅವರಷ್ಟು ಫುಟ್‌ಬಾಲ್ ಆಡಿದ ಗಂಡಸು ಇನ್ನೊಬ್ಬನಿರಲಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಆಣೆ ಮಾಡಿ ಹೇಳಬಲ್ಲೆ!

ನಗಬೇಡಿ. ದೊಡ್ಡಬಳ್ಳಾಪುರದ ಅಂಚಿನಲ್ಲಿ ನಾಲ್ಕೆಕರೆ ರಾಗಿ ಹೊಲ, ಒಂದಿಷ್ಟು ಆಲೂಗೆಡ್ಡೆ, ಎರಡು ಎಮ್ಮೆ ಇಟ್ಟುಕೊಂಡು ಮರ್ಯಾದೆಯಾಗಿ ಬಾಳುತ್ತಿದ್ದ ಈ ಗೃಹಸ್ಥರು ಶನಿವಾರ ಮಧ್ಯಾಹ್ನವಾದರೆ ಬೇರೆ ಮನುಷ್ಯ. ಬೆಂಗಳೂರಿನ ದಂಡಿನ, ಅಂದರೆ ಕಂಟೋನ್ಮೆಂಟಿನ, ಮೈದಾನದ ಅಂಚಿನಲ್ಲಿ ಕೂತುಕೊಂಡೇ ಅವರು ಆಡುತ್ತಿದ್ದರು. ಚೆಂಡು ಎಡಕ್ಕೆ ಹೋದರೆ ಇವರ ಹೆಗಲು ಎಡಕ್ಕೆ. ಯಾರಾದರೂ ತಲೆಯಿಂದ ಹೊಡೆದರೆ ಇವರ ತಲೆಯ ರುಮಾಲು ಉದುರಿ ಕೆಳಗೆ. ಇನ್ನು ಚೆಂಡು ಗೋಲಿನ ಹತ್ತಿರ ಬಂತೋ, ಇವರ ಬಲಗಾಲು ತಾನಾಗಿಯೇ ಚಿಮ್ಮಿ ಮುಂದೆ ಕೂತವರ ಬೆನ್ನಿನ ಮೇಲೆ ಬೀಳುತ್ತಿತ್ತು! ಒಮ್ಮೆ ಆ ಬೆನ್ನು ಒಬ್ಬ ಪೋಲೀಸ್ ದಫೇದಾರನದಾಗಿತ್ತು. ಮೀಸೆಯೇ ಒಂದು ಮೊಳವಿದ್ದ ಆಸಾಮಿ. ನಿಧಾನವಾಗಿ ಹಿಂದಕ್ಕೆ ತಿರುಗಿದ. ಪಕ್ಕದಲ್ಲಿದ್ದ ನಾನು ಮೆಲ್ಲಗೆ ಎರಡು ಮೊಳ ಆಚೆ ಸರಿದೆ. ಕ್ಷಮೆ ಕೇಳಬೇಕಲ್ಲವೇ? ಭಾವ ಅವನ ಮುಖಕ್ಕೇ ಕೈನೀಡಿ, "ನೀವೇ ಹೇಳಿ ಸ್ವಾಮಿ, ಆ ಹುಡುಗನಿಗೆ ಚೆಂಡು ಕೊಡದೆ ತಾನೇ ಹೊಡೆಯಬೋದಿತ್ತೋ ಇಲ್ವೋ?" ಅಂದರು. ದಫೇದಾರ ಎರಡು ಕ್ಷಣ ಯೋಚಿಸಿ, "ಹೊಡೀಬೋದಿತ್ತು" ಅಂದ. ಆಮೇಲೆ ಇಬ್ಬರೂ ಒಂದೇ ಪೊಟ್ಟಣದಿಂದ ಕಡಲೆಕಾಯಿ ತಿಂದರು. ಭಾವನನ್ನು ದ್ವೇಷಿಸುವುದು ಅಷ್ಟು ಸುಲಭವಲ್ಲ!

ನಾನಾಗ ದೊಡ್ಡಬಳ್ಳಾಪುರದ ಶಾಲೆಗೆ ಮೇಷ್ಟ್ರಾಗಿ ಹೋಗಿ ಅಕ್ಕನ ಮನೆಯಲ್ಲೇ ಉಳಿದಿದ್ದೆ. ಅಕ್ಕನಿಗೆ ಫುಟ್‌ಬಾಲ್ ಎಂದರೆ ಸವತಿ. ಅವಳ ದೂರಿಗೆ ಕಾರಣವೂ ಇತ್ತು. ಹೆಣ್ಣು ನೋಡಲು ನಮ್ಮ ಮನೆಗೆ ಬಂದ ದಿನ ಶನಿವಾರವಂತೆ. ಕೊಟ್ಟ ಉಪ್ಪಿಟ್ಟನ್ನು ಕೈಯಲ್ಲೇ ಹಿಡಿದುಕೊಂಡು ಈ ಗಂಡು ಗೋಡೆ ಗಡಿಯಾರವನ್ನೇ ನೋಡುತ್ತಿತ್ತಂತೆ. ಕೊನೆಗೆ "ನನಗೆ ಒಪ್ಪಿಗೆ, ರೈಲಿಗೆ ಹೊತ್ತಾಯ್ತು" ಎಂದು ಒಂದೇ ಉಸಿರಿನಲ್ಲಿ ಹೇಳಿ ಓಡಿತಂತೆ. ನಮ್ಮಪ್ಪ, "ಹುಡುಗ ಬಲು ಗಂಭೀರ, ಹೆಚ್ಚು ಮಾತಿಲ್ಲ" ಎಂದು ಖುಷಿಪಟ್ಟರು. ಅಕ್ಕ ಮಾತ್ರ ಇವತ್ತಿಗೂ ಹೇಳುತ್ತಾಳೆ: "ಇವರು ಒಪ್ಪಿದ್ದು ನನ್ನನ್ನಲ್ಲ ಕಣೋ, ನಮ್ಮನೆ ಗಡಿಯಾರವನ್ನ!"

ಭಾವ ಒಬ್ಬರೇ ಹೋಗುತ್ತಿರಲಿಲ್ಲ. ಊರಿನಿಂದ ಎಂಟು ಮಂದಿಯ ತಂಡ. ಮಗ್ಗದ ಯಜಮಾನರೊಬ್ಬರು, ಬೆಲ್ಲದ ಮಂಡಿಯವರು, ಅಂಚೆ ಗುಮಾಸ್ತರು, ಹೀಗೆ. ಯಶವಂತಪುರದಲ್ಲಿ ರೈಲಿಳಿದು, ಬುತ್ತಿ ಗಂಟು ಹೆಗಲಿಗೆ ಹಾಕಿಕೊಂಡು ದಂಡಿನವರೆಗೆ ನಡಿಗೆ. ದಾರಿಯುದ್ದಕ್ಕೂ ಹೋದ ವಾರದ ಆಟದ ಬಗ್ಗೆ ಜಗಳ, ವಾಪಸು ಬರುವಾಗ ಈ ವಾರದ ಆಟದ ಬಗ್ಗೆ ಜಗಳ. ಆಗೆಲ್ಲ ಆಟ ನೋಡಲು ಕಾಸು ಕೇಳುವವರೇ ಇರಲಿಲ್ಲವಂತೆ. ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಅದೇ ಸಿಂಹಾಸನ! ಒಂದು ಕಡೆ ಬೂಟು ಹಾಕಿದ ಬಿಳಿ ಸೋಲ್ಜರುಗಳು, ಇನ್ನೊಂದು ಕಡೆ ಬರಿಗಾಲಿನ ನಮ್ಮ ಹುಡುಗರು. ಇದಕ್ಕಿಂತ ಬೇರೆ ಮಹಾಭಾರತ ಯುದ್ಧ ಬೇಕೇ?

ಆಮೇಲೆ ಮೈದಾನದ ಸುತ್ತ ಒಂದು ಹಗ್ಗ ಬಂತು. ಹಗ್ಗದ ಹಿಂದೆ ಒಂದಾಣೆ ಟಿಕೆಟ್ಟು ಬಂತು. ಹಗ್ಗವನ್ನು ದಾಟಿ ನೋಟ ಹೋಗುತ್ತದೆಂದು ಯಾರಿಗೋ ಹೊಳೆದು, ಬೊಂಬು ನೆಟ್ಟು ಗೋಣಿತಟ್ಟು ಕಟ್ಟಿದರು. ಎರಡಾಣೆಯಾಯಿತು, ನಾಲ್ಕಾಣೆಯಾಯಿತು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಗಿ ಅಕ್ಕಿ ಏರಿತು, ಸೀಮೆಎಣ್ಣೆ ಮಾಯವಾಯಿತು, ರೈಲಿನ ಚಾರ್ಜೂ ಏರಿತು. ರೈಲು ತಪ್ಪಿದರೆ ಇದ್ದಿಲಿನ ಬಸ್ಸು. ಪೆಟ್ರೋಲ್ ಸಿಗದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಆ ಬಸ್ಸಿನಲ್ಲಿ ಟಿಕೆಟ್ಟಿಗೆ ಕಾಸು ಕೊಡುವವರೂ ನಾವೇ, ದಿಬ್ಬದಲ್ಲಿ ಇಳಿದು ತಳ್ಳುವವರೂ ನಾವೇ! ಇಷ್ಟೆಲ್ಲ ಏರುವಾಗ ಫುಟ್‌ಬಾಲ್ ಮಾತ್ರ ಹಿಂದೆ ಬೀಳುತ್ತದೆಯೇ? ಯುದ್ಧ ಮುಗಿಯುವ ಹೊತ್ತಿಗೆ ನೆಲದ ಮೇಲೆ ಕೂರುವ ಟಿಕೆಟ್ಟೇ ಎಂಟಾಣೆ.

ಎಂಟು ಮಂದಿಯಲ್ಲಿ ಒಬ್ಬೊಬ್ಬರೇ ಉದುರತೊಡಗಿದರು. ಬೆಲ್ಲದ ಮಂಡಿಯವರಿಗೆ ಶನಿವಾರವೇ ಮಂಡಿನೋವು ಬರಲು ಶುರುವಾಯಿತು. ಅಂಚೆ ಗುಮಾಸ್ತರು ಇದ್ದಕ್ಕಿದ್ದಂತೆ ಶನಿದೇವರ ಪೂಜೆ ಹಿಡಿದರು. ಭಾವ ಯಾರನ್ನೂ ಹಂಗಿಸಲಿಲ್ಲ, ಆದರೆ ಪ್ರತಿ ಶನಿವಾರ ಬೆಳಿಗ್ಗೆ ಪ್ರತಿಯೊಬ್ಬರ ಬಾಗಿಲಿಗೂ ಹೋಗಿ ಕರೆಯುವುದನ್ನು ಬಿಡಲಿಲ್ಲ. ಒಂದು ದಿನ ನನ್ನನ್ನೂ ಕರೆದುಕೊಂಡು ಮಗ್ಗದ ಯಜಮಾನರ ಮನೆಗೆ ಹೋದರು.

"ಏನ್ ಯಜಮಾನ್ರೇ, ನಾಲ್ಕು ವಾರದಿಂದ ಕಾಣ್ಲೇ ಇಲ್ಲ?" ಅಂದರು.

ಮಗ್ಗದ ಯಜಮಾನರು ಲಾಳಿ ನಿಲ್ಲಿಸಿ, "ನೂಲೇ ಸಿಕ್ತಿಲ್ಲ ಕಣಪ್ಪ. ರೈಲು, ಟಿಕೆಟ್ಟು, ಕಾಫಿ ಅಂತ ಸೇರಿಸಿದ್ರೆ ಮನೆಗೆ ಎರಡು ದಿನದ ಹಿಟ್ಟಾಗುತ್ತೆ. ಮೊದಲನೇ ವಾರ ಮನಸ್ಸು ಒದ್ದಾಡ್ತು, ಸುಳ್ಳಲ್ಲ. ಹೋದ ವಾರ..." ಎಂದು ಸ್ವಲ್ಪ ತಡೆದು, "ಹೋದ ವಾರ ಶನಿವಾರ ಅನ್ನೋದು ನೆನಪೇ ಆಗ್ಲಿಲ್ಲ" ಅಂದರು.

ವಾಪಸು ಬರುವಾಗ ಭಾವ ಅರ್ಧ ದಾರಿಯಲ್ಲಿ ನಿಂತು ಹಿಂದಕ್ಕೆ ತಿರುಗಿ ಆ ಮನೆಯ ಕಡೆ ನೋಡಿದರು. ಆಮೇಲೆ, "ಕಾಸಿಲ್ಲ ಅಂದಿದ್ರೆ ಏನಾದ್ರೂ ಮಾಡ್ಬೋದಿತ್ತು ಕಣಯ್ಯಾ ಮೇಷ್ಟ್ರೇ. ನೆನಪೇ ಆಗ್ಲಿಲ್ಲ ಅಂದ್ಬಿಟ್ರಲ್ಲ! ಇಪ್ಪತ್ತು ವರ್ಷದ್ದು, ನಾಲ್ಕು ವಾರಕ್ಕೆ ಮರ್ತ್ಹೋಗುತ್ತಾ?" ಅಂದರು.

ಕೊನೆಗೆ ಉಳಿದವರು ಭಾವ ಮತ್ತು ನಾನು. ಆ ವರ್ಷ ಆಲೂಗೆಡ್ಡೆಗೆ ಕೊಳೆರೋಗ ತಗುಲಿ ಭಾವನ ಕೈಯೂ ಬರಿದಾಯಿತು. ಇನ್ನು ಶನಿವಾರ ಮನೆಯಲ್ಲೇ ಎಂದುಕೊಂಡೆ. ಎಲ್ಲಿ ಬಂತು! ರೈಲಿಗೆ ಹೊಂದಿಸಿಕೊಂಡು ಹೊರಟೇಬಿಟ್ಟರು. ಮೈದಾನದ ಬಾಗಿಲಿಗೆ ಹೋಗದೆ, ಗೋಣಿತಟ್ಟಿನ ಹೊರಗೆ ಒಂದು ಹೊಂಗೆ ಮರದ ಕೆಳಗೆ ಟವೆಲು ಹಾಸಿ, ತಟ್ಟಿನ ಕಡೆ ಮುಖ ಮಾಡಿ ಕೂತರು.

"ಭಾವ, ಇಲ್ಲಿಂದ ಏನ್ ಕಾಣುತ್ತೆ?"

"ಕಣ್ಣಿಗೆ ತಾನೇ ಎಂಟಾಣೆ? ಕಿವಿಗೆ ಯಾರೂ ಟಿಕೆಟ್ ಕೇಳಿಲ್ವಲ್ಲ! ಸುಮ್ನೆ ಕೂತ್ಕೋ" ಅಂದರು.

ಆಟ ಶುರುವಾಯಿತು. ನನಗೆ ಬರೀ ಗದ್ದಲ. ಭಾವನಿಗೆ ಅದೆಲ್ಲ ಅಚ್ಚು ಹಾಕಿದ ಪುಸ್ತಕ! "ದೊಪ್ ಅಂತು ನೋಡು, ಅದು ಬೂಟು. ಪಟ್ ಅಂತು, ಅದು ನಮ್ಮ ಹುಡುಗನ ಬರಿಗಾಲು. ಈಗ ಬಲಗಡೆಯಿಂದ ಓಡ್ತಾವ್ನೆ... ಉಸ್ ಅಂದ್ರಲ್ಲ, ಗೋಲಿನ ಮೇಲಿಂದ ಹೋಯ್ತು." ನಾನು ನಂಬಲಿಲ್ಲ. ತಟ್ಟಿನ ತೂತಿಗೆ ಕಣ್ಣಿಟ್ಟು ನೋಡಿದೆ. ಬಲಗಡೆಯೇ, ಮೇಲಿಂದಲೇ! ಕಾಸಿಲ್ಲದೆ ಹೊರಗೆ ಸುಳಿದಾಡುತ್ತಿದ್ದ ಜಟಕಾದವರು, ಮಿಲ್ಲಿನ ಕೆಲಸದವರು ಒಬ್ಬೊಬ್ಬರೇ ಹತ್ತಿರ ಬಂದು ಕೂತರು. ಮೂರನೇ ವಾರಕ್ಕೆ ಮರದ ಕೆಳಗೆ ಜಾಗವೇ ಇರಲಿಲ್ಲ. ನಾಲ್ಕನೇ ವಾರ ಒಳಗೆ ಆಟಗಾರ ಗೋಲು ಹೊಡೆದದ್ದಕ್ಕೆ ಒಳಗಿನವರಿಗಿಂತ ಹೊರಗಿನವರ ಕೂಗೇ ಜೋರಾಯಿತು!

ಇದು ಒಳಗೆ ಮುಟ್ಟದೆ ಇರುತ್ತದೆಯೇ? ಟಿಕೆಟ್ಟಿನ ಉಸ್ತುವಾರಿ ನೋಡುತ್ತಿದ್ದ ಕರಿಕೋಟಿನವರೊಬ್ಬರು ದಡದಡ ಹೊರಗೆ ಬಂದರು.

"ಏನ್ರೀ ಇದು? ನೀವು ಇಲ್ಲಿ ಬಿಟ್ಟಿ ಆಟ ನಡೆಸ್ತಿದ್ರೆ ನಮ್ಮ ಟಿಕೆಟ್ ಯಾರ್ರೀ ತಗೋತಾರೆ?"

ಭಾವ ಕೈಮುಗಿದು, "ಸ್ವಾಮಿ, ಸ್ವಲ್ಪ ತಡೀರಿ, ಕಾರ್ನರ್ ಕಿಕ್ ಆಗ್ತಿದೆ" ಅಂದರು.

ಕರಿಕೋಟಿನವರು ಬುದ್ಧಿವಂತರು. ಈ ಮನುಷ್ಯನನ್ನು ಓಡಿಸಿದರೆ ನಾಳೆ ಇನ್ನೊಂದು ಮರದ ಕೆಳಗೆ ಕೂರುತ್ತಾನೆಂದು ತಿಳಿದು, ಇನ್ನು ಯಾವ ಮರದ ಕೆಳಗೂ ಕೂರುವುದಿಲ್ಲವೆಂದು ಮಾತು ತೆಗೆದುಕೊಂಡು, ಇಡೀ ವರ್ಷಕ್ಕೆ ಒಂದು ಬಿಟ್ಟಿ ಪಾಸು ಬರೆದುಕೊಟ್ಟುಬಿಟ್ಟರು. ಅದೂ ಕುರ್ಚಿಯ ಪಾಸು! ಮುಂದಿನ ವಾರ ಭಾವ ಒಗೆದ ಕೋಟು, ಹೊಸ ರುಮಾಲು ಹಾಕಿಕೊಂಡು ದೊಡ್ಡ ದೊಡ್ಡ ಸಾಹೇಬರ ನಡುವೆ ಕೂತರು. ನಾನು ಎಂಟಾಣೆ ಕೊಟ್ಟು ನೆಲದ ಮೇಲೆ ಕೂತೆ. ನಮ್ಮ ಕಡೆ ನೆಲವೇ ಹೆಚ್ಚು, ಜನ ಕಡಿಮೆ. ನಡುನಡುವೆ ಹಲ್ಲು ಬಿದ್ದ ಬಾಯಿಯ ಹಾಗೆ ಜಾಗ. ನಮ್ಮ ಹುಡುಗರು ಗೋಲು ಹೊಡೆದಾಗ ಆ ಕಡೆ ನೋಡಿದೆ. ಸಾಹೇಬರುಗಳು ಬೆರಳ ತುದಿಯಲ್ಲಿ ಚಪ್ಪಾಳೆ ತಟ್ಟುತ್ತಿದ್ದರು. ಅವರ ನಡುವೆ ಭಾವ, ಎರಡು ಕೈಯಲ್ಲೂ ಬಲಮೊಣಕಾಲನ್ನು ಬಿಗಿಯಾಗಿ ಹಿಡಿದುಕೊಂಡು ಕೂತಿದ್ದರು!

ಹೊರಗೆ ಬಂದವರೇ ಪಾಸನ್ನು ಕರಿಕೋಟಿನವರಿಗೆ ವಾಪಸು ಕೊಟ್ಟರು. "ನಿಮ್ಮದು ದೊಡ್ಡ ಮನಸ್ಸು ಸ್ವಾಮಿ. ಆದ್ರೆ ಒಬ್ಬನೇ ಕೂತು ನೋಡೋಕೆ ಇದು ಗೋಡೆ ಮೇಲಿನ ಫೋಟೋ ಅಲ್ವಲ್ಲ" ಅಂದರು. ಮರದ ಕೆಳಗೆ ಮತ್ತೆ ಕೂರುವ ಹಾಗೂ ಇರಲಿಲ್ಲ. ಕೊಟ್ಟ ಮಾತು ಮಾತೇ ಎಂದು ಅದನ್ನೂ ಬಿಟ್ಟರು. ಟಿಕೆಟ್ಟಿಗೆ ಕೈಯಲ್ಲಿ ಕಾಸಿಲ್ಲ, ನಾನು ಕೊಡುತ್ತೇನೆಂದರೆ ಒಪ್ಪಲಿಲ್ಲ. ಅಲ್ಲಿಗೆ ಭಾವನ ಶನಿವಾರ ಮುಗಿಯಿತು.

ಆಮೇಲಿನ ಶನಿವಾರಗಳನ್ನು ಏನು ಹೇಳಲಿ! ಮಧ್ಯಾಹ್ನವಾದರೆ ಭಾವ ಹೊಲಕ್ಕೆ ಹೋಗಿ ಕಳೆ ಇಲ್ಲದ ಕಡೆಯೂ ಕಳೆ ಕೀಳುತ್ತಿದ್ದರು. ಎಮ್ಮೆಗಳಿಗೆ ಎರಡೆರಡು ಸಲ ಸ್ನಾನ. ಮನೆಯಲ್ಲಿ ಫುಟ್‌ಬಾಲಿನ ಸುದ್ದಿಯಿಲ್ಲ. ಇಷ್ಟು ವರ್ಷ ಬಯ್ಯುತ್ತಿದ್ದ ಅಕ್ಕ ಖುಷಿಪಡಬೇಕಿತ್ತಲ್ಲವೇ? ಅವಳು ಊಟಕ್ಕೆ ಬಡಿಸುತ್ತ ಅವರ ಮುಖವನ್ನೇ ನೋಡುತ್ತಿದ್ದಳು. ಒಂದು ಶನಿವಾರ, ಆರೇಳು ವಾರ ಕಳೆದಿರಬಹುದು, ನಾನು ಶಾಲೆಯಿಂದ ಬರುವಷ್ಟರಲ್ಲಿ ಅಕ್ಕ ಇಳಕಲ್ ಸೀರೆ ಉಟ್ಟು, ಬುತ್ತಿ ಕಟ್ಟಿ ಜಗಲಿಯ ಮೇಲೆ ನಿಂತಿದ್ದಳು.

"ಏಳ್ರೀ, ಕೋಟು ಹಾಕ್ಕೊಳ್ಳಿ. ಲೋ, ನೀನೂ ಹೊರಡೋ" ಅಂದಳು.

ಭಾವ ಬೆಪ್ಪಾಗಿ, "ಎಲ್ಲಿಗೆ?" ಅಂದರು.

"ದಂಡಿಗೆ. ಹದಿನೆಂಟು ವರ್ಷದಿಂದ ನೀವು ಹೇಳಿದ್ದು ಕೇಳಿ ಕೇಳಿ ಕಿವಿ ತೂತುಬಿದ್ದಿದೆ. ಒಂದ್ಸಲ ಕಣ್ಣಲ್ಲೂ ನೋಡ್ಬಿಡ್ತೀನಿ. ದುಡ್ಡು ಮೊಸರು ಮಾರಿದ್ದು, ನಂದು. ನಿಮ್ಮನ್ನೇನೂ ಕೇಳಲ್ಲ."

ಮೈದಾನದ ಬಾಗಿಲಲ್ಲಿ ಟಿಕೆಟ್ಟಿನವನು ಅಕ್ಕನನ್ನು ನೋಡಿ ತಬ್ಬಿಬ್ಬಾದ. "ಹೆಂಗಸರ ಟಿಕೆಟ್ಟು ನಮ್ಮಲ್ಲಿ ಇಲ್ಲಮ್ಮ" ಅಂದ. "ಇಲ್ವಾ? ಹಂಗಾದ್ರೆ ಇವರಿಬ್ಬರದು ಮಾತ್ರ ಕೊಡಪ್ಪ" ಎಂದು ಒಂದು ರೂಪಾಯಿ ಅವನ ಕೈಗಿಟ್ಟು, ತಾನು ಟಿಕೆಟ್ಟಿಲ್ಲದೆ ಒಳಗೆ ನಡೆದುಬಿಟ್ಟಳು! ಇಷ್ಟು ವರ್ಷದಲ್ಲಿ ಭಾವನಿಗೂ ಹೊಳೆಯದ ಉಪಾಯ.

ಆಟ ಶುರುವಾದ ಮೇಲೆ ಅಕ್ಕನ ಪ್ರಶ್ನೆ ಶುರುವಾಯಿತು. "ಆ ಕರಿ ಚಡ್ಡಿಯವನಿಗೆ ಯಾಕ್ರೀ ಯಾರೂ ಚೆಂಡು ಕೊಡ್ತಿಲ್ಲ? ಪಾಪ, ಆಗ್ಲಿಂದ ಸುಮ್ಮನೆ ಓಡ್ತಾನೇ ಇದಾನೆ!"

"ಅವನು ರೆಫರಿ ಕಣೇ."

"ಯಾರಾದ್ರೇನು? ಒಂದ್ಸಲ ಕೊಡಬಾರದಾ?"

ಅರ್ಧ ಆಟವಾಗಿತ್ತು. ಒಬ್ಬ ಸೋಲ್ಜರನ ಬೂಟು ನಮ್ಮ ಹುಡುಗನೊಬ್ಬನ ಕಾಲ್ಬೆರಳ ಮೇಲೆ ಬಿತ್ತು. ಹುಡುಗ ರಕ್ತ ಒರೆಸಿಕೊಂಡು ಕುಂಟುತ್ತ ಎದ್ದ. ಅಕ್ಕ ಸಟ್ಟನೆ ಎದ್ದು ನಿಂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಮ್ಮೆ ಗದರಿಸುವ ಗಂಟಲಿನಲ್ಲಿ, "ಲೋ! ತಾಕತ್ತಿದ್ರೆ ಬೂಟು ಬಿಚ್ಚಿ ಆಡೋ!" ಎಂದು ಕೂಗಿದಳು. ಮೈದಾನವೇ ಅವಳ ಕಡೆ ತಿರುಗಿತು. ಆಮೇಲೆ ನಮ್ಮ ಹಿಂದಿನಿಂದ ಯಾರೋ "ಬೂಟು ಬಿಚ್ಚೋ!" ಅಂದರು. ಆ ಮೂಲೆಯಿಂದ ಇನ್ನೊಬ್ಬ. ಚೆಲ್ಲಾಪಿಲ್ಲಿಯಾಗಿ ಕೂತಿದ್ದವರೆಲ್ಲ ಸರಿದು ಸರಿದು ಅಕ್ಕನ ಸುತ್ತ ಒತ್ತಾದರು. ಆ ಬೊಬ್ಬೆಯಲ್ಲೇ ಕುಂಟುತ್ತಿದ್ದ ಹುಡುಗ ಗೋಲು ಹೊಡೆದ. ಭಾವನ ಬಲಗಾಲು ಹಾರಿತು, ಈ ಸಲ ಮುಂದೆ ಕೂತಿದ್ದ ನನ್ನ ಬೆನ್ನಿಗೆ. ಇಷ್ಟು ಸುಖವಾದ ಒದೆಯನ್ನು ನಾನು ತಿಂದೇ ಇರಲಿಲ್ಲ!

ಸಂಜೆ ರೈಲಿನಲ್ಲಿ ನೂಲಿನ ಗಂಟು ಹೊತ್ತು ನಮ್ಮ ಡಬ್ಬಿಗೇ ಹತ್ತಿದವರು ಯಾರೆಂದುಕೊಂಡಿರಿ? ಮಗ್ಗದ ಯಜಮಾನರು. ಅಕ್ಕ ಅವರಿಗೆ ಆಟ ಹೇಳತೊಡಗಿದಳು. ಡಬ್ಬಿಯೆಲ್ಲ ಕಿವಿಗೊಟ್ಟಿತು. ಅವಳ ಬಾಯಲ್ಲಿ ಗೋಲು ಕಂಬ ಹೊಂಗೆ ಮರದಷ್ಟಾಯಿತು, ಹುಡುಗನ ಹರಿದ ಬೆರಳು ಮುರಿದ ಕಾಲಾಯಿತು. ಮಗ್ಗದ ಯಜಮಾನರು ಬಾಯಿ ತೆರೆದುಕೊಂಡೇ ಕೇಳಿ, "ಬರೋ ಶನಿವಾರ ಯಾರ್ಯಾರಿಗೆ ಆಟವಂತೆ?" ಅಂದರು. ಅಕ್ಕ ಲಕ್ಷ್ಯಕೊಡದೆ ಮುಂದುವರಿಸಿದಳು: "ನಮ್ಮ ಕಡೆ ಹದಿಮೂರು ಜನ ಹುಡುಗರು..."

ಮೂಲೆಯಲ್ಲಿದ್ದ ಕನ್ನಡಕದ ಪ್ರಯಾಣಿಕರೊಬ್ಬರು ನಕ್ಕು, "ಹದಿಮೂರು ಎಲ್ಲಿಂದಮ್ಮ? ಫುಟ್‌ಬಾಲಿಗೆ ಹನ್ನೊಂದೇ ಜನ" ಅಂದರು.

ಅಕ್ಕನ ಮಾತು ನಿಂತಿತು. ಮುಖ ಸಣ್ಣದಾಯಿತು. ಭಾವನ ಕಡೆ ನೋಡಿದಳು. ನನಗೂ ಭಯವಾಯಿತು. ಆಟದ ವಿಷಯದಲ್ಲಿ ಒಂದು ತಪ್ಪು ಮಾತು ಕೇಳಿದರೆ ಹೆತ್ತ ತಾಯಿಯನ್ನೂ ತಿದ್ದುವ ಮನುಷ್ಯ!

ಭಾವ ರುಮಾಲು ತೆಗೆದು ಮಡಿಲಲ್ಲಿಟ್ಟುಕೊಂಡರು. "ಹದಿಮೂರೇ ಸ್ವಾಮಿ. ನಾನೂ ಎಣಿಸ್ದೆ" ಅಂದರು. ಆಮೇಲೆ ಅಕ್ಕನ ಕಡೆ ಸ್ವಲ್ಪ ಸರಿದು ಕೂತು, ಮೆತ್ತಗೆ, "ನೀನು ಹೇಳು. ಆಮೇಲೇನಾಯ್ತು?" ಎಂದರು.